ಶಹಾಮೃಗಕ್ಕೆ ಕಾಚಂಪುಳಿ

ಮುಂಬೈ ಪಕ್ಕದ ಠಾಣೆ ಊರಿಗೆ ಬಂದ ಹೊಸತರಲ್ಲಿ ನನಗಿದ್ದ ಮರಾಠಿ ಸೊಪ್ಪು ತರಕಾರಿ ಚೌಕಾಸಿ ಮಾಡುವಷ್ಟು ಮಾತ್ರ. ಒಂದು ಭಾನುವಾರ ಮಾಜಿವಾಡಾದ ಮಟನ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದವರು ಪಕ್ಕದವರಿಗೆ, ದುಬೈಗೆ ಹೋದಾಗ ತಾವು ಶಹಾಮೃಗದ ಮಾಂಸ ತಿಂದೆವೆಂದು ಬಾಯಿ ಚಪ್ಪರಿಸಿ ಹೇಳುತ್ತಿದ್ದರು. ನಾನು ಬೆಚ್ಚಿಬಿದ್ದೆ. ಶಹಾ ಅಂದರೆ ರಾಜ, ಮೃಗ ಅಂದರೆ ಜಿಂಕೆಯೋ ಕಡವೆಯೋ. ಮೂಡಿಗೆರೆ ಕಡೆಯವನಿಗೆ ಅಂಥ ಮಾತು ಕೇಳಿದ ಕೂಡಲೇ ನೆನಪಾಗುವುದು ಫಾರೆಸ್ಟ್‌ನವರ ಜೀಪು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮೂರಲ್ಲಿ ಕೆಲವರು ಕಡವೆ ಎಂಬ ಶಬ್ದವನ್ನೇ ನುಂಗಿಕೊಂಡು ಮಾತಾಡುವುದು ಕಲಿತಿದ್ದರು. ಇಲ್ಲಿ ನೋಡಿದರೆ ರಸ್ತೆಯಲ್ಲಿ ನಿಂತು ಡಂಗುರ! ತಡೆಯಲಾರದೆ ಕೇಳಿಯೇಬಿಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಎರಡೂ ಕೈ ಅಗಲಿಸಿ, ಕತ್ತನ್ನು ಆಕಾಶಕ್ಕೆ ಚಾಚಿ ಹೇಳಿದರು: "ಪಕ್ಷೀ ಆಹೆ ಹೋ, ಪಕ್ಷೀ!"

ಆಮೇಲೆ ತಿಳಿಯಿತು, ಅದು ನಮ್ಮ ಉಷ್ಟ್ರಪಕ್ಷಿ. ಪಾರ್ಸಿಯಲ್ಲಿ ಶುತುರ್ ಅಂದರೆ ಒಂಟೆ, ಮುರ್ಗ್ ಅಂದರೆ ಹಕ್ಕಿ. ಸಂಸ್ಕೃತದ ಉಷ್ಟ್ರವೂ ಒಂಟೆಯೇ. ವಿಜ್ಞಾನಿಗಳು ಇಟ್ಟ ಹೆಸರಿನಲ್ಲೂ 'ಕ್ಯಾಮೆಲಸ್' ಎಂದು ಒಂಟೆ ಬಂದು ಕೂತಿದೆ. ಮರಾಠಿಯವರ ಬಾಯಲ್ಲಿ ಶುತುರ್ ಶಹಾ ಆಯಿತು, ಮುರ್ಗ್ ಮೃಗವಾಯಿತು. ಒಂಟೆ ರಾಜನಾಗಿ, ಹಕ್ಕಿ ಜಿಂಕೆಯಾಗಿ, ನನ್ನಂಥ ಪರದೇಶಿಯ ಎದೆ ನಡುಗಿತು.

ಇದಾಗಿ ಎಷ್ಟೋ ವರ್ಷಗಳ ಮೇಲೆ ಮಗಳು ಕೆಲಸದ ಮೇಲೆ ಕೇಪ್‌ಟೌನ್ ಸೇರಿದಳು. ನಾನೂ ಹೆಂಡತಿಯೂ ಅವಳನ್ನು ನೋಡಲು ಹೋದಾಗ ಆ ರಾಜನ ದರ್ಶನವೂ ಆಯಿತು, ಪ್ರಸಾದವೂ ಸಿಕ್ಕಿತು. ಕೇಪ್‌ಟೌನ್‌ನಿಂದ 400 ಕಿಲೋಮೀಟರ್‌ಗೂ ಹೆಚ್ಚು ದೂರ, ಕರೂ ಎಂಬ ಒಣಭೂಮಿಯ ನಡುವೆ ಔಟ್ಸ್‌ಹೋರ್ನ್ ಎಂಬ ಊರು. ಉಷ್ಟ್ರಪಕ್ಷಿ ಸಾಕಿಯೇ ಹೆಸರಾದದ್ದು. ಮೊದಲಿಗೆ ಸಾಕಿದ್ದು ಮಾಂಸಕ್ಕಲ್ಲ, ಗರಿಗೆ. ಯುರೋಪಿನ ಹೆಂಗಸರ ಟೋಪಿಗೆ ಈ ಗರಿಯೇ ಆಗಬೇಕಿತ್ತು. 1913ರ ಹೊತ್ತಿಗೆ ದಕ್ಷಿಣ ಆಫ್ರಿಕಾದ ರಫ್ತಿನಲ್ಲಿ ಚಿನ್ನ, ವಜ್ರ, ಉಣ್ಣೆ ಬಿಟ್ಟರೆ ಗರಿಯೇ. ಸಾಹುಕಾರರು ಅರಮನೆಯಂಥ ಮನೆ ಕಟ್ಟಿಸಿದರು. ಮರುವರ್ಷ ಯುದ್ಧ ಬಂತು. ತೆರೆದ ಮೋಟಾರುಕಾರೂ ಬಂದಿತ್ತು, ಅದರಲ್ಲಿ ಕೂತರೆ ಅಷ್ಟಗಲದ ಟೋಪಿ ತಲೆಯ ಮೇಲೆ ನಿಲ್ಲುತ್ತಿರಲಿಲ್ಲ. ಗರಿಯ ಬೆಲೆ ನೆಲ ಕಚ್ಚಿತು. ಅರಮನೆಗಳು ಇನ್ನೂ ಇವೆ, ಹೊರಗಿನಿಂದ ನೋಡಿದೆವು.

ಊಟದ ತಟ್ಟೆಯಲ್ಲಿ ಬಂದದ್ದು ಹೊಗೆ ಹಿಡಿಸಿದ ಮಾಂಸ. ವೀಳ್ಯದೆಲೆಯಷ್ಟು ತೆಳ್ಳಗೆ ಸೀಳಿದ್ದರು. ಬಣ್ಣ ಹಳೆಯ ಬೀಟೆ ಮರದ್ದು, ಕೆಂಪೋ ನೇರಳೆಯೋ ಹೇಳಲಾರೆ. ಹಕ್ಕಿ ಎಂದು ಯಾರಾದರೂ ಹೇಳದಿದ್ದರೆ ನಂಬುವಂತಿರಲಿಲ್ಲ. ಬಡಿಸುವ ಹುಡುಗಿಯ ಹತ್ತಿರ ಎದೆಮಾಂಸ ಇದೆಯಾ ಎಂದು ಕೇಳಿದೆ. ಕೋಳಿ ತಿಂದ ಅಭ್ಯಾಸ ನೋಡಿ. ಅವಳು ನಕ್ಕಳು. ಹಾರದ ಹಕ್ಕಿಗೆ ಎದೆಯಲ್ಲಿ ಮಾಂಸ ಎಲ್ಲಿಂದ ಬರಬೇಕು? ರೆಕ್ಕೆಯ ಸ್ನಾಯು ಹಿಡಿದು ನಿಲ್ಲುವ ಏಣೆಲುಬೇ ಇದರ ಎದೆಯಲ್ಲಿಲ್ಲ. ಗಂಟೆಗೆ 70 ಕಿಲೋಮೀಟರ್ ಓಡುವ ಜೀವ, ಇದ್ದಬದ್ದ ಮಾಂಸವೆಲ್ಲ ತೊಡೆ ಕಾಲುಗಳಲ್ಲಿ. ಸದಾ ದುಡಿಯುವ ಸ್ನಾಯುವಿಗೆ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಹೆಚ್ಚು ಬೇಕು, ಆ ಕೆಂಪು ಅದರದು.

ಕಣ್ಣುಮುಚ್ಚಿ ಒಂದು ಚೂರು ಬಾಯಿಗಿಟ್ಟೆ. ಕರೂ ಮಾಯವಾಯಿತು. ನಾನು ನಮ್ಮಜ್ಜಿಯ ಅಡುಗೆಮನೆಯಲ್ಲಿದ್ದೆ.

ಮಲೆನಾಡಿನ ಆ ಅಡುಗೆಮನೆಯಲ್ಲಿ ಒಲೆಯ ಮೇಲೆ ಬಿದಿರಿನ ಅಟ್ಟ. ಮಳೆಗಾಲದಲ್ಲಿ ಅಲ್ಲಿ ಏನಿರುತ್ತಿರಲಿಲ್ಲ ಹೇಳಿ. ಒಣಗದ ಸೌದೆ, ಬಿತ್ತನೆಯ ಸೌತೆಬೀಜ, ನಮ್ಮ ಶಾಲೆಯ ಚಡ್ಡಿ, ಅದರ ಪಕ್ಕದಲ್ಲೇ ಹುರಿಗೆ ಪೋಣಿಸಿದ ಹಂದಿಮಾಂಸದ ಸೀಳು. ಉಪ್ಪು ಅರಿಸಿನ ಹಚ್ಚಿ ಇಳಿಬಿಟ್ಟರೆ ದಿನದಿನಕ್ಕೆ ಅದು ಕುಗ್ಗುತ್ತ, ಕಪ್ಪಾಗುತ್ತ, ಮೇಲಿನ ಇಲ್ಲಣಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯದಂತಾಗುತ್ತಿತ್ತು. ಕೈ ಹಾಕಿದರೆ ಅಜ್ಜಿ ಊದುಕೊಳವೆಯಲ್ಲೇ ಮೊಟಕುತ್ತಿದ್ದಳು. "ಮುಟ್ಟಬ್ಯಾಡ ಮಗಾ, ಇನ್ನೂ ಎಂಟು ದಿನ ಹೊಗೆ ಕುಡೀಲಿ." ಪಾಪ, ಅದು ಕುಡಿಯುತ್ತಿತ್ತು. ನಮ್ಮ ಚಡ್ಡಿಗಳೂ ಕುಡಿಯುತ್ತಿದ್ದವು. ಮಳೆಗಾಲದಲ್ಲಿ ಇಡೀ ಶಾಲೆಗೆ ಒಂದೇ ವಾಸನೆ.

ನನ್ನ ಹೆಂಡತಿ ಸೋಮವಾರಪೇಟೆಯವಳು. ಕೊಡವರು ಇದಕ್ಕೆ ಒಣಕ್ ಎರಚಿ ಅನ್ನುತ್ತಾರೆ ಎಂದು ಹೇಳಿದವಳು ಅವಳೇ. ಒಣಗಿಸುವ ವಿದ್ಯೆ ಎಲ್ಲ ಕಡೆಯೂ ಇದೆ, ದಾರಿ ಮಾತ್ರ ಬೇರೆ. ಠಾಣೆಯ ಘೋಡಬಂದರ್ ರಸ್ತೆಯ ತುದಿಗೆ ಹೋಗಿ ಖಾಡಿ, ಅಂದರೆ ಸಮುದ್ರದ ಹಿನ್ನೀರು, ದಾಟಿದರೆ ವಸಯಿ ಸೀಮೆಯ ಕೋಳಿ ಜನಾಂಗದ ಮೀನುಗಾರರು ಬಿದಿರು ಕಟ್ಟಿ ಬೊಂಬಿಲ್ ಮೀನನ್ನು ಬಿಸಿಲಿಗೆ ತೂಗುಹಾಕುತ್ತಾರೆ, ಮಳೆಗಾಲಕ್ಕೆ ಮೊದಲೇ ಕೆಲಸ ಮುಗಿಸುತ್ತಾರೆ. ಕರೂವಿನವರಿಗೆ ಚಳಿಗಾಲದ ಒಣಗಾಳಿ ಇದೆ. ಅವರ ಬಿಲ್ಟಾಂಗ್ ಎಂಬ ಒಣಮಾಂಸಕ್ಕೆ ಹಚ್ಚುವುದು ವಿನೆಗರ್, ಉಪ್ಪು, ಮೆಣಸು ಮತ್ತು ಹುರಿದು ಕುಟ್ಟಿದ ಕೊತ್ತಂಬರಿ ಬೀಜ. ಥೇಟ್ ನಮ್ಮ ಮಸಾಲೆ ಡಬ್ಬಿ! ಬಿಸಿಲೂ ಇಲ್ಲದ ಒಣಗಾಳಿಯೂ ಇಲ್ಲದ ನಮ್ಮವರಿಗೆ ಉಳಿದದ್ದು ಹೊಗೆ. ಉಪ್ಪು ಮಾಂಸದ ನೀರನ್ನು ಹೊರಗೆಳೆಯುತ್ತದೆ, ಒಲೆಯ ಕಾವು ಆ ನೀರನ್ನು ಆರಿಸುತ್ತದೆ, ಹೊಗೆಯಲ್ಲಿರುವ ಫೀನಾಲು ಫಾರ್ಮಾಲ್ಡಿಹೈಡುಗಳು ಬೂಷ್ಟನ್ನೂ ಕ್ರಿಮಿಯನ್ನೂ ಹತ್ತಿರ ಬಿಡುವುದಿಲ್ಲ. ಅಜ್ಜಿಗೆ ಇದಾವುದೂ ಗೊತ್ತಿರಲಿಲ್ಲ, ಎಂಟು ದಿನ ಮಾತ್ರ ಗೊತ್ತಿತ್ತು.

ಮಗಳ ಮನೆಗೆ ಮರಳುವಾಗ ಹೊಗೆಯ ಉಷ್ಟ್ರಮಾಂಸದ ಒಂದು ಗಟ್ಟಿ ತುಂಡು ಕೊಂಡೆವು. ಮಗಳು ಅದರ ಗುಣಗಾನಕ್ಕೆ ನಿಂತಳು. "ಅಪ್ಪಾ, ನೂರು ಗ್ರಾಂ ಹಸಿಮಾಂಸದಲ್ಲಿ 20 ಗ್ರಾಂ ಮೇಲೆ ಪ್ರೋಟೀನು, ಕೊಬ್ಬು ಎರಡು ಮೂರು ಗ್ರಾಂ ಅಷ್ಟೆ. ಕಬ್ಬಿಣ ಕೋಳಿಗಿಂತ ಎಷ್ಟೋ ಹೆಚ್ಚು. ನಿಮ್ಮ ಹಾರ್ಟಿಗೆ ಒಳ್ಳೇದು." ಹೇಳಿದ್ದೆಲ್ಲ ನಿಜವೇ. ಹೇಳದೆ ಬಿಟ್ಟದ್ದೂ ಇತ್ತು. ಕೊಬ್ಬು ಕಡಿಮೆ ಎಂದ ಮಾತ್ರಕ್ಕೆ ಕೊಲೆಸ್ಟರಾಲು ಕಡಿಮೆಯಲ್ಲ, ಅದು ಕೋಳಿಯಲ್ಲಿ ಇರುವಷ್ಟು ಇದರಲ್ಲೂ ಇದೆ. ಹೊಗೆಗೆ ಮೊದಲು ಹಾಕಿದ ಉಪ್ಪು ಒಣಗುತ್ತ ಒಣಗುತ್ತ ಇನ್ನಷ್ಟು ಗಟ್ಟಿಯಾಗುತ್ತದೆ. ನನ್ನದು ಬೆಳಿಗ್ಗೆ ಎದ್ದು ಬಿಪಿ ಮಾತ್ರೆ ನುಂಗುವ ಜನ್ಮ. ಇನ್ನು ಹೊಗೆಯ ಮಾತು: 2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಉಪ್ಪು ಹಾಕಿ, ಹೊಗೆ ಹಿಡಿಸಿ ಸಂಸ್ಕರಿಸಿದ ಮಾಂಸವನ್ನೆಲ್ಲ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿತು. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ. 18ರಷ್ಟು ಏರುತ್ತದೆ ಎಂಬ ಲೆಕ್ಕವನ್ನೂ ಕೊಟ್ಟಿತು. ಅಜ್ಜಿಯ ಅಟ್ಟದಿಂದ ಮಾಂಸ ಇಳಿಯುತ್ತಿದ್ದದ್ದು ಆಟಿ ತಿಂಗಳ ಜಡಿಮಳೆಯಲ್ಲಿ, ಅದೂ ನೆಂಟರು ಬಂದಾಗ. ದಿನಾ 50 ಗ್ರಾಂ ಕೇಳಿದ್ದರೆ ಊದುಕೊಳವೆ ಇತ್ತಲ್ಲ.

ಹೆಂಡತಿ ಈ ಚರ್ಚೆಗೆ ಕಿವಿಗೊಡದೆ ಒಲೆ ಹಚ್ಚಿದಳು. ಮಗಳಿಗೆಂದು ಊರಿಂದ ಹೊತ್ತು ತಂದ ಕಾಚಂಪುಳಿಯ ಶೀಸೆ ಅವಳ ಕೈಯಲ್ಲಿತ್ತು. ಕೊಡಗಿನಲ್ಲಿ ಪಣಪುಳಿಯ ಹಣ್ಣನ್ನು ಬುಟ್ಟಿಯಲ್ಲಿ ಕೊಳೆಯಿಟ್ಟು, ತೊಟ್ಟಿಕ್ಕಿದ ರಸವನ್ನು ಕುದಿಸಿ ಕುದಿಸಿ ಡಾಂಬರಿನಷ್ಟು ಕಪ್ಪಗೆ ಇಳಿಸುತ್ತಾರೆ. ಮಾಂಸದ ತುಂಡನ್ನು ಅವಳು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದಳು. ಆ ನೀರು ಚೆಲ್ಲಿ, ಇನ್ನೊಮ್ಮೆ ನೆನೆಸಿ, ಅದನ್ನೂ ಚೆಲ್ಲಿದಳು, ಉಪ್ಪು ಹೋಗಲೆಂದು. ಆಮೇಲೆ ಎಳೆಗೆ ಅಡ್ಡವಾಗಿ ಕೊಯ್ದು, ಗುಂಡುಕಲ್ಲಿಲ್ಲದ್ದರಿಂದ ಲಟ್ಟಣಿಗೆಯಲ್ಲೇ ಜಜ್ಜಿದಳು. ನಾರು ಹತ್ತಿಯ ಹಾಗೆ ಬಿಡಿಸಿಕೊಂಡಿತು. ಬಾಣಲೆಗೆ ಈರುಳ್ಳಿ, ಸೀಳಿದ ಹಸಿಮೆಣಸು, ಕುಟ್ಟಿದ ಕಾಳುಮೆಣಸು. ಮಾಂಸ ಹಾಕಿ ಎರಡು ಸಲ ಮಗುಚಿದಳೋ ಇಲ್ಲವೋ ಅದು ತಳ ಹಿಡಿಯಿತು. ಹಂದಿಯದಾದರೆ ತನ್ನ ಕೊಬ್ಬಿನಲ್ಲಿ ತಾನೇ ಬೇಯುತ್ತದೆ, ಇದಕ್ಕೆ ಆ ಬಂಡವಾಳವಿಲ್ಲ. "ಇದರ ಮನೆ ಹಾಳಾಗ, ಒಂದು ಹನಿ ಜಿಡ್ಡಿಲ್ಲ" ಎಂದು ಮೂರು ಚಮಚ ಕೊಬ್ಬರಿ ಎಣ್ಣೆ ಸುರಿದಳು. ಕೊಬ್ಬಿಲ್ಲವೆಂದು ಹೆಚ್ಚು ದುಡ್ಡು ತೆತ್ತು ತಂದದ್ದಕ್ಕೆ ಕೊಬ್ಬು ಹಾಕಿಯೇ ತಿನ್ನಬೇಕಾಯಿತು. ಮಗಳು ಬೇರೆ ಕಡೆ ನೋಡಿದಳು.

ಕಡೆಯಲ್ಲಿ ಅರ್ಧ ಚಮಚ ಕಾಚಂಪುಳಿ. ರುಚಿ ಕೂಡಿದ್ದು ಅಲ್ಲಿ. ಅದಕ್ಕೊಂದು ಕಾರಣವೂ ಇದೆ. ಕೊಯ್ದ ಮೇಲೆ ಯಾವ ಮಾಂಸದಲ್ಲಾದರೂ ಆಮ್ಲ ಏರುತ್ತದೆ, ಉಷ್ಟ್ರಪಕ್ಷಿಯದರಲ್ಲಿ ಅಷ್ಟಾಗಿ ಏರುವುದಿಲ್ಲ, ಪಿಎಚ್ 6ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅದರಿಂದ ಮಾಂಸ ನೀರು ಹಿಡಿದುಕೊಂಡು ಮೆತ್ತಗಿರುತ್ತದೆ, ಆದರೆ ಬೇಗ ಕೆಡುತ್ತದೆ. ಕರೂವಿನವರು ವಿನೆಗರ್ ಸುರಿಯುವುದೂ ಹೊಗೆ ಹಿಡಿಸುವುದೂ ಸುಮ್ಮನೆ ರುಚಿಗಲ್ಲ. ಆ ಹಕ್ಕಿಗೆ ಹುಟ್ಟಿನಲ್ಲೇ ಕಮ್ಮಿಯಾದ ಹುಳಿಯನ್ನು ಪಣಪುಳಿ ತುಂಬಿಕೊಟ್ಟಿತು. ಅಕ್ಕಿರೊಟ್ಟಿಯ ಜತೆ ಮೂವರೂ ತಟ್ಟೆ ಒರೆಸಿದೆವು. ಹೊರಡುವಾಗ ಮಗಳು ಇನ್ನೊಂದು ತುಂಡು ಕಟ್ಟಿಕೊಡಲು ಬಂದಳು. ಪರವಾನಗಿಯಿಲ್ಲದೆ ಮಾಂಸ ಹೊತ್ತು ವಿಮಾನ ಇಳಿಯುವ ಧೈರ್ಯ ನನಗಿರಲಿಲ್ಲ, ಮತ್ತೆ ಫಾರೆಸ್ಟ್ ಜೀಪು ನೆನಪಾಯಿತು.

ಠಾಣೆಯ ಕಾಸಾರವಡವಲಿಯಲ್ಲಿ ಹದಿನಾಲ್ಕನೇ ಮಹಡಿಯ ನಮ್ಮ ಮನೆಗೆ ಮರಳಿದ ಮೇಲೆ ಚಪಲ ಬಿಡಲಿಲ್ಲ. ಮೇಕೆಯ ತೊಡೆಯ ಮಾಂಸಕ್ಕೆ ಕೊಬ್ಬು ತೆಗೆಸಿ ತಂದೆ. ಹಳೆಯ ಬಿಸ್ಕತ್ತು ಡಬ್ಬಿಗೆ ತೂತು ಕೊರೆದು, ಕೆಳಗೆ ತೆಂಗಿನ ಸಿಪ್ಪೆಗೆ ಕೆಂಡ ಹಾಕಿ, ಮೇಲೆ ತಂತಿಯಲ್ಲಿ ಮಾಂಸ ಇಳಿಬಿಟ್ಟು ಬಾಲ್ಕನಿಯಲ್ಲಿಟ್ಟೆ. ಇಪ್ಪತ್ತು ನಿಮಿಷ ಎಲ್ಲ ಸರಿಯಿತ್ತು. ಆಮೇಲೆ ಖಾಡಿಯ ಕಡೆಯ ಗಾಳಿ ತಿರುಗಿ ಹೊಗೆಯೆಲ್ಲ ಹಾಲ್ ಹೊಕ್ಕು, ಬಾಗಿಲ ಸಂದಿಯಿಂದ ಲಾಬಿಗೆ ಹೋಯಿತು. ಲಾಬಿಯ ಸೂರಿನಲ್ಲಿ ಇಷ್ಟು ವರ್ಷ ಸುಮ್ಮನೆ ಕೂತಿದ್ದ ಯಂತ್ರ ಬಾಯಿ ಬಿಟ್ಟಿತು. ವಾಚ್‌ಮನ್ ಮರಳಿನ ಬಕೀಟು ಹಿಡಿದು ಓಡಿಬಂದ. ಎದುರುಮನೆಯ ಶುದ್ಧ ಶಾಕಾಹಾರಿ ಅಜ್ಜ ಮೂಗು ಮುಚ್ಚಿಕೊಂಡು, "ಆಗ್ ಲಾಗ್ಲೀ ಕಾ?" ಎಂದರು, ಬೆಂಕಿ ಬಿತ್ತೇ ಎಂದು. ಇಲ್ಲ, ಧೂಪ ಎಂದೆ. ಯಾವ ದೇವರಿಗೆ ಎಂದು ಅವರು ಕೇಳಲಿಲ್ಲ, ದೊಡ್ಡವರು. ಮರುದಿನ ಲಿಫ್ಟಿನ ಪಕ್ಕ ನೋಟೀಸು ಬಿತ್ತು: ಮನೆಯಲ್ಲಿ ಹೋಮ ಹವನ ಮಾಡುವವರು ಸೊಸೈಟಿ ಕಚೇರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

ನಮ್ಮ ಭಾವನ ಕಥೆ ಇದಕ್ಕಿಂತ ಖರ್ಚಿನದು. ಉಷ್ಟ್ರಪಕ್ಷಿಯ ದಾಯಾದಿ ಎಮು ಇದೆಯಲ್ಲ, ಅದರ ಹುಚ್ಚು ದಕ್ಷಿಣದಲ್ಲೆಲ್ಲ ಹಬ್ಬಿದ್ದಾಗ ಅವನೂ ಕಾಫಿ ದುಡ್ಡು ತೆಗೆದು ಒಂದು ಕಂಪೆನಿಗೆ ಕಟ್ಟಿದ. ಮರಿ ಅವರದು, ಮೇವು ಅವರದು, ತಿಂಗಳು ತಿಂಗಳು ಸಂಬಳ, ಬೆಳೆದ ಹಕ್ಕಿ ವಾಪಸು ಕೊಳ್ಳುವ ಮಾತು. ಎಣ್ಣೆಗೆ ಬೇಡಿಕೆ, ಮಾಂಸಕ್ಕೆ ಬೇಡಿಕೆ, ಹೃದಯಕ್ಕೆ ಒಳ್ಳೆಯದು, ಶೇಕಡಾ ಇಷ್ಟು ಕೊಬ್ಬಿಲ್ಲ. 2012ರಲ್ಲಿ ತಮಿಳುನಾಡಿನ ಪೆರುಂದುರೈ ಕಡೆಯ ಎಮು ಕಂಪೆನಿಗಳು ಬಾಗಿಲು ಹಾಕಿದಾಗ ಇವನ ಕಂಪೆನಿಯ ಫೋನೂ ಸುಮ್ಮನಾಯಿತು. ಆರಡಿ ಎತ್ತರದ ಹಕ್ಕಿಗಳು ಬೇಲಿಯೊಳಗಿನಿಂದ ಕತ್ತು ಹೊರಚಾಚಿ ಮೇವು ಕೇಳುತ್ತಿದ್ದವು. ಮಾಂಸ ಚೆನ್ನಾಗಿರುತ್ತದಂತೆ ಎಂದು ಊರೆಲ್ಲ ಹೇಳಿತು, ಒಬ್ಬರೂ ಕೊಳ್ಳಲಿಲ್ಲ.

ಘೋಡಬಂದರ್ ರಸ್ತೆಯಲ್ಲಿ ಬಸ್ಸಿನಲ್ಲಿ ಸಿಕ್ಕಿಬಿದ್ದಾಗೆಲ್ಲ ನನಗೆ ಭಾವನ ನೆನಪಾಗುತ್ತದೆ. ರಸ್ತೆಯ ಹೆಸರೇ ಕುದುರೆ ಬಂದರು. ಪೋರ್ಚುಗೀಸರ ಕೋಟೆಯೊಂದು ಇನ್ನೂ ಖಾಡಿಯ ದಡದಲ್ಲಿದೆ. ಅರಬ್ಬೀ ಕುದುರೆ ಇಳಿಯುತ್ತಿದ್ದ ಜಾಗವೆಂದು ಇಲ್ಲಿಯವರು ಹೇಳುತ್ತಾರೆ. ನಮ್ಮ ಭಟ್ಕಳ ಹೊನ್ನಾವರಗಳಲ್ಲೂ ಹಾಗೆಯೇ ಇಳಿದು ವಿಜಯನಗರಕ್ಕೆ ಹೋಗುತ್ತಿದ್ದವು. ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟಿದ್ದಾನೆ: ಅಲ್ಲಿನ ಅರಸ ಸಾಳುವ ನರಸಿಂಹ ಕುದುರೆಯನ್ನು ಜೀವಂತವೋ ಸತ್ತದ್ದೋ ನೋಡದೆ ಕೊಳ್ಳುತ್ತಿದ್ದ, ಸಮುದ್ರದಲ್ಲಿ ಸತ್ತರೆ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ಹಣ. ಅರಸನಿಗೆ ಬಾಲವಾದರೂ ಸಿಕ್ಕಿತು. ಭಾವನಿಗೆ ಸಿಕ್ಕದ್ದು ಬಾಂಡ್ ಪೇಪರು.

ಒಂದು ಮಾತು ಮಾತ್ರ ಶಹಾಮೃಗದ ಪರವಾಗಿ ಹೇಳಬೇಕು, ಅದು ಪರದೇಶಿಯಲ್ಲ. ಮಾಜಿವಾಡಾದಿಂದ ಹೆದ್ದಾರಿ ಹಿಡಿದು ನಾಸಿಕ್ ದಾಟಿ ಹೋದರೆ ಜಳಗಾಂವ್ ಜಿಲ್ಲೆಯ ಪಾಟಣೆ ಎಂಬ ಹಳ್ಳಿ. 1970ರ ದಶಕದ ಆರಂಭದಲ್ಲಿ ಪುರಾತತ್ತ್ವಜ್ಞ ಎಸ್. ಎ. ಸಾಲಿ ಅವರು ಅಲ್ಲಿ ಅಗೆದಾಗ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿನ ಮಣಿಗಳು ಸಿಕ್ಕವು, ಗೀರುಚಿತ್ರ ಬಿಡಿಸಿದ ಚಿಪ್ಪೂ ಸಿಕ್ಕಿತು. ಸುಮಾರು 25,000 ವರ್ಷ ಹಳೆಯವು. 2017ರಲ್ಲಿ ಹೈದರಾಬಾದಿನ ಸಿಸಿಎಂಬಿ ಎಂಬ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ದೇಶದಲ್ಲಿ ಸಿಕ್ಕ ಇಂಥ ಹಳೆಯ ಚಿಪ್ಪಿನಿಂದ ಡಿಎನ್‌ಎ ತೆಗೆದು ನೋಡಿದರು. ಅದು ಆಫ್ರಿಕಾದ ಉಷ್ಟ್ರಪಕ್ಷಿಯ ಕುಲವೇ. ಮಣಿ ಪೋಣಿಸಿದವರು ಮಾಂಸವನ್ನೂ ಹೊಗೆಗೆ ಕಟ್ಟಿದ್ದರೋ, ಚಿಪ್ಪು ಅದನ್ನು ಹೇಳುವುದಿಲ್ಲ.

ಈಗ ಮಗಳು ಫೋನಿನಲ್ಲಿ, ಹೊಗೆಮಾಂಸ ಫ್ರಿಜ್ಜಿನಲ್ಲಿದೆ, ಕಾಚಂಪುಳಿ ಮುಗಿಯಿತು ಎನ್ನುತ್ತಾಳೆ. ನಮ್ಮ ಶೀಸೆಯೂ ತಳ ಕಂಡಿದೆ. ಮಡಿಕೇರಿ, ಸೋಮವಾರಪೇಟೆ ಕಡೆಯಿಂದ ಠಾಣೆಗೆ ಬರುವವರು ಯಾರಾದರೂ ಇದ್ದರೆ ಒಂದು ಶೀಸೆ ತನ್ನಿ, ದುಡ್ಡು ಕೊಡುತ್ತೇನೆ. ಆದರೆ ಮಧ್ಯಾಹ್ನ ಮೂರರೊಳಗೆ ಬಂದುಬಿಡಿ. ಆಮೇಲೆ ಘೋಡಬಂದರ್ ರಸ್ತೆಯಲ್ಲಿ ಕುದುರೆಯೂ ಓಡಲಾರದು.