ಇನ್ನೂರ ನಲವತ್ತು ಕುಣಿಕೆಗಳ ದಂಡಯಾತ್ರೆ

ಮೊದಲ ಏಟು ಬಿದ್ದದ್ದು ಎದೆಯಳತೆಗೆ. ಕಾರ್ಡಿಗನ್ ಮೈಮೇಲೆ ಸಡಿಲವಾಗಿ ನಿಲ್ಲಬೇಕಾದರೆ ಸುತ್ತಳತೆ 100 ಸೆಂಟಿಮೀಟರ್ ಬೇಕು. ನನ್ನ ಕೈಯ ಬಿಗಿಗೆ, 5 ಮಿಲಿಮೀಟರ್ ಕಡ್ಡಿಯಲ್ಲಿ, ಸಾದಾ ಹೆಣಿಗೆಯಾದರೆ 10 ಸೆಂಟಿಮೀಟರಿಗೆ 18 ಕುಣಿಕೆ. ಅಂದರೆ ಒಟ್ಟು 180. ಸಲೀಸು! ಕಡ್ಡಿ ಎತ್ತಿಕೊಂಡು ಇನ್ನೇನು ಹೊರಡಬೇಕು, ಜಡೆ ಹಾಕಿ ನೋಡಿದ್ದ ಮಾದರಿ ತುಂಡಿನ ಮೇಲೆ ಟೇಪು ಇಟ್ಟೆ. 24! ಅದೇ ನೂಲು, ಅದೇ ಕಡ್ಡಿ, ಅದೇ ಕೈ. ಅಗಲ ಮಾತ್ರ ಮಂಗಮಾಯ. 180 ಕುಣಿಕೆ ಹಾಕಿ ಹೊರಟವಳಿಗೆ ತಿಂಗಳುಗಟ್ಟಲೆ ಹೆಣೆದ ಮೇಲೆ ದಕ್ಕುವುದು 75 ಸೆಂಟಿಮೀಟರಿನ ಕೊಳವೆ. ಅದಕ್ಕೆ ಗುಂಡಿ ಹಾಕಿಕೊಂಡರೆ ಆಮೇಲೆ ಬಿಚ್ಚಲು ಪಕ್ಕದ ಮನೆಯವರನ್ನೇ ಕರೆಯಬೇಕು.

ಜಡೆಯ ಗುಣವೇ ಅದು. ಮೂರು ಕುಣಿಕೆಗಳನ್ನು ಒಂದು ಮೋಟು ಕಡ್ಡಿಗೆ ಇಳಿಸಿ, ಮುಂದಕ್ಕೋ ಹಿಂದಕ್ಕೋ ತೂಗುಬಿಟ್ಟು, ಅವುಗಳ ಪಕ್ಕದ ಮೂರನ್ನು ಮೊದಲು ಹೆಣೆದು, ಆಮೇಲೆ ತೂಗುಬಿಟ್ಟವನ್ನು ಹೆಣೆಯಬೇಕು. ಒಂದರ ಹೆಗಲ ಮೇಲೆ ಇನ್ನೊಂದು ಹತ್ತಿ ಕೂರುತ್ತದೆ. ಆರು ಕುಣಿಕೆ ಕೂರಬೇಕಾದ ಜಾಗದಲ್ಲಿ ನಾಲ್ಕರಷ್ಟೇ ಅಗಲ ಉಳಿಯುತ್ತದೆ. ಉಳಿದದ್ದು ದಪ್ಪವಾಗಿ ಮೇಲೆದ್ದು ನಿಲ್ಲುತ್ತದೆ. ಕಣ್ಣಿಗೆ ಅಷ್ಟು ಚೆಂದ ಕಾಣುವ ಆ ಉಬ್ಬು ನುಂಗಿರುವುದು ನಮ್ಮ ಅಗಲವನ್ನೇ. ಹೆಬ್ಬಾವಿನ ಪಟ್ಟಿನ ಹಾಗೆ ಪ್ರತಿ ತಿರುವಿಗೂ ಒಂದಿಷ್ಟು ಬಿಗಿಯುತ್ತಾ ಹೋಗುತ್ತದೆ.

ಇಷ್ಟೆಲ್ಲ ಅಪಾಯಕ್ಕೆ ಯಾಕೆ ಕೈಹಾಕಬೇಕು? ಆಸೆಗೆ. ಬೆನ್ನ ನಡುವೆ ಜೇನುಗೂಡಿನ ಅಗಲ ಪಟ್ಟಿ, ಅದರ ಎರಡೂ ಪಕ್ಕ ವಜ್ರಾಕಾರ, ವಜ್ರದ ಹೊಟ್ಟೆಯಲ್ಲಿ ಪಾಚಿಯಂಥ ಕಾಳುಕಾಳು ಹೆಣಿಗೆ, ಅಂಚಿಗೆ ಹಗ್ಗದ ಜಡೆ, ಕಾಲರಿನವರೆಗೂ ತುಂಡಾಗದೆ ಏರಿಹೋಗುವ ಗೆರೆಗಳು. ಅಂಥದ್ದೊಂದು ಅರಾನ್ ಕಾರ್ಡಿಗನ್ನಿನ ಮೇಲೆ ನಾನು ಕಣ್ಣಿಟ್ಟು ಎಷ್ಟೋ ಕಾಲವಾಯಿತು. ಈ ಆಸೆ ನನ್ನೊಬ್ಬಳದ್ದಲ್ಲ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಆಲಿಸ್ ಸ್ಟಾರ್ಮೋರ್ 1997ರಲ್ಲಿ ‘ಅರಾನ್ ನಿಟಿಂಗ್’ ಎಂಬ ಪುಸ್ತಕ ತಂದರು. ಪ್ರತಿಗಳು ಮುಗಿದವು, ಮರುಮುದ್ರಣ ಬರಲಿಲ್ಲ. ಹೆಣೆಯುವವರು ಹಳೆ ಪ್ರತಿಗಳಿಗೆ ಕಂಡಾಪಟ್ಟೆ ಬೆಲೆ ತೆತ್ತು, ನಿಧಿ ಸಿಕ್ಕಿದವರಂತೆ ಬಚ್ಚಿಟ್ಟುಕೊಂಡರು. 2010ರಲ್ಲಿ ಹೊಸ ಮುದ್ರಣ ಬಂದ ಮೇಲೆ ಜನ ಉಸಿರು ಬಿಟ್ಟರು.

“ಬೆಂಗಳೂರಲ್ಲಿ ಇಷ್ಟು ದಪ್ಪದ್ದು ಹಾಕ್ಕೊಂಡು ಬೆಂದು ಹೋಗ್ತೀಯಲ್ಲೇ!” ಅಂದರು ಅತ್ತೆ. ಅವರು ಮೊಮ್ಮಕ್ಕಳಿಗೆಲ್ಲ ಕುಲಾವಿ, ಕಾಲುಚೀಲ, ಸ್ವೆಟರ್ ಹೆಣೆದು ಪಳಗಿದವರು.

“ಡಿಸೆಂಬರ್ ಇದೆಯಲ್ಲ ಅತ್ತೆ.”

“ಹ್ಞೂಂ, ಹದಿನೈದು ದಿನ.”

ಆ ಹದಿನೈದು ದಿನಕ್ಕಾಗಿಯೇ ಯುದ್ಧ.

ಎರಡನೇ ಹೊಂಚು ಕಡ್ಡಿ ಅಂಗಡಿಯಲ್ಲಿ ಕಾದಿತ್ತು. ವಿನ್ಯಾಸದ ಕಾಗದ ಅಮೆರಿಕದ್ದು. ‘8ನೇ ನಂಬರ್ ಕಡ್ಡಿ’ ಎನ್ನುತ್ತಿತ್ತು. ನಮ್ಮ ಅಂಗಡಿಯವರೂ ‘8 ನಂಬರ್ ಇದೆ ಮೇಡಂ’ ಎಂದು ತೆಗೆದುಕೊಟ್ಟರು. ಹಣ ಎಣಿಸುತ್ತಿದ್ದ ಕೈ ಅಲ್ಲೇ ನಿಂತಿತು. ಅಮೆರಿಕದ 8 ಅಂದರೆ 5 ಮಿಲಿಮೀಟರ್. ನಮ್ಮಲ್ಲಿ ಈಗಲೂ ನಡೆಯುವ ಹಳೆ ಬ್ರಿಟಿಷ್ ಲೆಕ್ಕದ 8 ಅಂದರೆ 4 ಮಿಲಿಮೀಟರ್. ಅವರಲ್ಲಿ ನಂಬರ್ ಏರಿದರೆ ಕಡ್ಡಿ ದಪ್ಪ, ನಮ್ಮಲ್ಲಿ ನಂಬರ್ ಏರಿದರೆ ಕಡ್ಡಿ ಸಣ್ಣ! ನನಗೆ ಬೇಕಾದದ್ದು ಇಲ್ಲಿನ 6. ಒಂದೇ ಒಂದು ಮಿಲಿಮೀಟರ್ ಅನ್ನಬೇಡಿ. ಅದು ಸಾವಿರಾರು ಕುಣಿಕೆಗಳಲ್ಲಿ ಗುಣಾಕಾರವಾಗಿ ಬಂದರೆ ಕಾರ್ಡಿಗನ್ ಬದಲು ಮಗುವಿನ ಅಂಗಿ ಆಗುತ್ತದೆ. ಕಡ್ಡಿಯ ಮೇಲಿನ ನಂಬರನ್ನು ನಂಬಬಾರದು, ಮಿಲಿಮೀಟರನ್ನೇ ಕೇಳಬೇಕು.

ಇನ್ನು ನೂಲು. ಇಲ್ಲಿ ಆಸೆಯೂ ಬುದ್ಧಿಯೂ ನೇರ ಕೈಕೈ ಮಿಲಾಯಿಸಿದವು. ನನಗಿಷ್ಟ ಕಡುನೀಲಿ. ಆದರೆ ಜಡೆ ಕಾಣುವುದು ನೆರಳಿನಿಂದ. ಉಬ್ಬಿನ ಪಕ್ಕದ ತಗ್ಗಿನಲ್ಲಿ ಕತ್ತಲೆ ಬಿದ್ದರೆ ಮಾತ್ರ ಉಬ್ಬು ಎದ್ದು ನಿಲ್ಲುತ್ತದೆ. ಕಡುಬಣ್ಣದಲ್ಲಿ ಕತ್ತಲೆಯೊಳಗೆ ಕತ್ತಲೆ ಸೇರಿ ಶ್ರಮವೆಲ್ಲ ನೀರುಪಾಲು. ನೀಲಿಗೆ ಕೈಮುಗಿದೆ. ಮೂರ್ನಾಲ್ಕು ಎಳೆ ಸೇರಿಸಿ ದುಂಡಗೆ ಹುರಿಮಾಡಿದ ಕೆನೆಬಿಳಿ ಉಣ್ಣೆಯೇ ಆಗಬೇಕು. ಚಳ್ಳಕೆರೆಯ ಕಂಬಳಿ ನೆನಪಾಗಿ, ನಮ್ಮ ದಖನಿ ಕುರಿಯ ಉಣ್ಣೆಯನ್ನೇ ಯಾಕೆ ಬಳಸಬಾರದು ಅಂತಲೂ ಒಂದು ಗಳಿಗೆ ಅನ್ನಿಸಿತು. ಆ ಒರಟು ಉಣ್ಣೆ ಮಳೆಯಲ್ಲಿ ಕುರಿಗಾಹಿಯ ಬೆನ್ನು ಕಾಯಲು ಹುಟ್ಟಿದ್ದು. ನನ್ನ ಕತ್ತಿಗೆ ತಾಗಿದರೆ ಆ ಹದಿನೈದು ದಿನವೂ ಕೆರೆತ.

ಜಡೆ ಅಗಲವನ್ನು ನುಂಗಿದ ಹಾಗೇ ನೂಲನ್ನೂ ನುಂಗುತ್ತದೆ. ಸಾದಾ ಸ್ವೆಟರಿಗಿಂತ ಕಾಲು ಭಾಗ, ಕೆಲವೊಮ್ಮೆ ಮೂರನೇ ಒಂದು ಭಾಗ ಹೆಚ್ಚು. ಕಿಲೋ ದಾಟಿಯೇ ತರಬೇಕು. ಅದೂ ಒಂದೇ ಸಲಕ್ಕೆ, ಒಂದೇ ಬಣ್ಣದ ಲಾಟ್‌ನಿಂದ. ಬಿಳಿಗೇನು ಲಾಟ್ ಅಂತ ಅಸಡ್ಡೆ ಮಾಡಿದವರ ಬೆನ್ನಿನ ಮೇಲೆ ಅರ್ಧ ಕೆನೆ, ಅರ್ಧ ಸುಣ್ಣ ಮೆರೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಕೊನೆಯ ತೋಳಿನಲ್ಲಿ, ಮಣಿಕಟ್ಟಿಗೆ ನಾಲ್ಕು ಬೆರಳು ಬಾಕಿ ಇರುವಾಗ ಉಂಡೆ ಮುಗಿದು, ಅಂಗಡಿಗೆ ಓಡಿದರೆ ಆ ಲಾಟ್ ಕಳೆದ ವರ್ಷವೇ ಖಾಲಿ! ಹೆಣೆಯುವವರ ದುಃಸ್ವಪ್ನ ಇದೊಂದೇ. ಎರಡು ಲಡಿ ಹೆಚ್ಚಿಗೇ ತಂದೆ.

ನೂಲು ಬಂತು, ಕಡ್ಡಿ ಬಂತು. ಆಗ ತಲೆಗೆ ಹೊಕ್ಕಿತು ಒಂದು ಪ್ರಶ್ನೆ: ಈ ಹುಚ್ಚು ವಿನ್ಯಾಸ ಮೊದಲು ಹೊಳೆದದ್ದು ಯಾರಿಗೆ?

ಐರ್ಲೆಂಡಿನ ಪಶ್ಚಿಮ ತೀರ, ಗಾಲ್ವೇ ಕೊಲ್ಲಿಯ ಬಾಯಲ್ಲಿ ಅರಾನ್ ಎಂಬ ಮೂರು ದ್ವೀಪ: ಇನಿಶ್ ಮೋರ್, ಇನಿಶ್ ಮಾನ್, ಇನಿಶ್ ಇಯರ್. ನೆಲವೆಲ್ಲ ಬೋಳು ಸುಣ್ಣಕಲ್ಲು. ಆಲೂಗಡ್ಡೆ ಬೆಳೆಯಲು ಅಲ್ಲಿನವರು ಮೊದಲು ಮಣ್ಣನ್ನೇ ಮಾಡಿಕೊಳ್ಳಬೇಕಿತ್ತು. ಕಡಲಪಾಚಿಯನ್ನೂ ಮರಳನ್ನೂ ಬೆನ್ನ ಮೇಲೆ ಹೊತ್ತು ತಂದು ಬಂಡೆಯ ಮೇಲೆ ಹಾಸುತ್ತಿದ್ದರು. ಅಟ್ಲಾಂಟಿಕ್ ಸಾಗರಕ್ಕೆ ಇಳಿಯುತ್ತಿದ್ದದ್ದು ಮರದ ಪಟ್ಟಿಗಳ ಮೇಲೆ ಟಾರು ಬಳಿದ ಕ್ಯಾನ್ವಾಸ್ ಹೊದಿಸಿದ ದೋಣಿಯಲ್ಲಿ. ಹೋದವರಲ್ಲಿ ಎಷ್ಟೋ ಮಂದಿ ಮರಳುತ್ತಿರಲಿಲ್ಲ.

ಇಲ್ಲಿಂದಲೇ ಎದ್ದದ್ದು ಆ ಪ್ರಸಿದ್ಧ ಕಥೆ. ಒಂದೊಂದು ಮನೆತನಕ್ಕೂ ಒಂದೊಂದು ಜಡೆ. ಮುಳುಗಿದ ಮೀನುಗಾರನ ದೇಹ ವಾರಗಳ ನಂತರ ದಡಕ್ಕೆ ಬಂದು ಬಿದ್ದರೆ, ಮುಖ ಗುರುತು ಸಿಗದಿದ್ದರೂ ಸ್ವೆಟರಿನ ಹೆಣಿಗೆಯಿಂದ ಇಂಥವರ ಮಗ ಎಂದು ಹೇಳುತ್ತಿದ್ದರಂತೆ. ಓದುವಾಗ ಮೈ ಝುಂ ಅನ್ನುತ್ತದೆ. ಆದರೆ ಕಥೆ ಸುಳ್ಳು. ಅದರ ಬೇರು ಇರುವುದು ಜಾನ್ ಮಿಲಿಂಗ್ಟನ್ ಸಿಂಗ್ ಎಂಬ ಐರಿಷ್ ನಾಟಕಕಾರನಲ್ಲಿ. ಆತ 1898ರಲ್ಲಿ ಮೊದಲ ಸಲ ಈ ದ್ವೀಪಗಳಿಗೆ ಹೋದ. 1904ರಲ್ಲಿ ರಂಗಕ್ಕೆ ಬಂದ ಆತನ ‘ರೈಡರ್ಸ್ ಟು ದಿ ಸೀ’ ನಾಟಕದಲ್ಲಿ ತಂಗಿಯೊಬ್ಬಳು ಸತ್ತ ಅಣ್ಣನನ್ನು ಗುರುತಿಸುವುದು ಕಾಲುಚೀಲದಿಂದ, ತಾನೇ ಹಾಕಿದ ಕುಣಿಕೆಗಳ ಲೆಕ್ಕದಿಂದ. ಅಲ್ಲಿ ಸ್ವೆಟರೂ ಇಲ್ಲ, ಜಡೆಯೂ ಇಲ್ಲ, ಮನೆತನದ ಗುರುತೂ ಇಲ್ಲ. ಕಾಲುಚೀಲ ಬಾಯಿಂದ ಬಾಯಿಗೆ ಹೋಗುತ್ತಾ ಸ್ವೆಟರಾಯಿತು.

ಅದರ ಮೇಲೆ ಇನ್ನೊಬ್ಬ ಬಂದ. ಹೈನ್ಸ್ ಎಡ್ಗರ್ ಕೀವೆ, ಆಕ್ಸ್‌ಫರ್ಡಿನಲ್ಲಿ ನೂಲಿನ ಅಂಗಡಿ ಇಟ್ಟಿದ್ದವನು. 1936ರಲ್ಲಿ ಡಬ್ಲಿನ್ನಿನಲ್ಲಿ ಬಿಳಿ ಜಡೆಯ ಸ್ವೆಟರೊಂದು ಕಣ್ಣಿಗೆ ಬಿದ್ದದ್ದೇ ತಡ, ಇದು ಸಾವಿರಾರು ವರ್ಷದ ಹಿಂದಿನದು, ಸನ್ಯಾಸಿಗಳ ಹಸ್ತಪ್ರತಿಗಳ ಚಿತ್ತಾರವೇ ಇಲ್ಲಿಳಿದಿದೆ, ಒಂದೊಂದು ಗಂಟಿಗೂ ಗೂಢಾರ್ಥ ಇದೆ ಎಂದು ಸಾರಿದ. ನೂಲು ಮಾರುವವನಿಗೆ ಇದಕ್ಕಿಂತ ಒಳ್ಳೆಯ ಪುರಾಣ ಬೇಕೆ? 1987ರಲ್ಲಿ ಹೆಣಿಗೆಯ ಇತಿಹಾಸ ಬರೆದ ರಿಚರ್ಡ್ ರಟ್, ಅವರು ಚರ್ಚಿನ ಬಿಷಪ್ ಆಗಿದ್ದವರು, ಈ ಪವಿತ್ರ ಕಥೆಯನ್ನು ಎಳೆಎಳೆಯಾಗಿ ಬಿಚ್ಚಿ ಹಾಕಿದರು.

ನಿಜ ಸಂಗತಿ ಇನ್ನೂ ರೋಮಾಂಚಕ ಅಂತ ನನ್ನ ಎಣಿಕೆ. ಹಸಿವು ತಾಂಡವವಾಡುತ್ತಿದ್ದ ಪಶ್ಚಿಮ ಐರ್ಲೆಂಡಿಗಾಗಿ 1891ರಲ್ಲಿ ಸರ್ಕಾರ ಒಂದು ಮಂಡಳಿ ರಚಿಸಿತು. ಮೀನುಗಾರಿಕೆ ಬೆಳೆಸಲು ಅದು ಹೊರಗಿನ ಪಳಗಿದ ಕೈಗಳನ್ನು ಕರೆಸಿತು. ಅವರ ಜೊತೆ ಮೀನುಗಾರರ ಬಿಗಿ ಹೆಣಿಗೆಯ ಜರ್ಸಿಯೂ ದ್ವೀಪಕ್ಕೆ ಬಂದಿಳಿಯಿತು ಎನ್ನುತ್ತಾರೆ ತಿಳಿದವರು. ದ್ವೀಪದ ಹೆಂಗಸರು ನೋಡಿದರು, ಕಲಿತರು, ಕಲಿಸಿದವರನ್ನೇ ಮೀರಿಸಿದರು. ಮ್ಯೂರಿಯಲ್ ಗಹನ್ ಎಂಬಾಕೆ 1930ರಲ್ಲಿ ಡಬ್ಲಿನ್ನಿನಲ್ಲಿ ತೆರೆದ ‘ಕಂಟ್ರಿ ಶಾಪ್’ ಅಂಥ ಕೈಗಳ ಕೆಲಸಕ್ಕೆ ರಾಜಧಾನಿಯಲ್ಲಿ ಗಿರಾಕಿ ಹುಡುಕಿಕೊಟ್ಟಿತು. 1961ರಲ್ಲಿ ಕ್ಲಾನ್ಸಿ ಸಹೋದರರು ಅಮೆರಿಕದ ಎಡ್ ಸಲಿವನ್ ಷೋನಲ್ಲಿ, ಅವರ ತಾಯಿ ಕಳಿಸಿದ್ದ ಬಿಳಿ ಅರಾನ್ ಸ್ವೆಟರ್ ತೊಟ್ಟು ಹಾಡಿದರು. ಆ ಮೇಲೆ ಬೇಡಿಕೆಯೋ ಬೇಡಿಕೆ. ಹೊಟ್ಟೆಪಾಡಿಗೆ, ದೀಪದ ಬೆಳಕಲ್ಲಿ, ಕಾಗದದ ನಕ್ಷೆಯಿಲ್ಲದೆ, ಜೇನುಗೂಡನ್ನೂ ವಜ್ರವನ್ನೂ ತಲೆಯಲ್ಲೇ ಇಟ್ಟುಕೊಂಡು ಹೆಣೆದ ಹೆಂಗಸರು! ಮುಳುಗಿದ ಗಂಡಸರ ಕಥೆ ಹೇಳಿ ಜನ ಸ್ವೆಟರ್ ಮಾರಿದರು. ಮನೆ ಮುಳುಗದ ಹಾಗೆ ನೋಡಿಕೊಂಡವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ನನಗೋ ನಕ್ಷೆ ಬೇಕೇ ಬೇಕು. ಚೌಕಳಿ ಕಾಗದ ಹರಡಿ ಕೂತೆ. ಅಲ್ಲಿ ಎದುರಾಯಿತು ಅತಿ ಭಯಂಕರ ಶತ್ರು: ಲಘುತಮ ಸಾಮಾನ್ಯ ಅಪವರ್ತ್ಯ. ಏಳನೇ ಕ್ಲಾಸಿನ ಆ ಲ.ಸಾ.ಅ. ಉಣ್ಣೆಯ ಚೀಲದಿಂದ ಹೀಗೆ ಹಾರಿ ಬರುತ್ತದೆಂದು ಯಾರಿಗೆ ಗೊತ್ತು?

ಹಗ್ಗದ ಜಡೆ ತಿರುಗುವುದು 6 ಸಾಲಿಗೊಮ್ಮೆ. ಜೇನುಗೂಡು ಮುಗಿಯುವುದು 8 ಸಾಲಿಗೆ. ನಾನು ಬರೆದ ವಜ್ರಕ್ಕೆ 28 ಸಾಲು. ಮೂರೂ ಒಟ್ಟಿಗೆ ಹೊರಟರೆ ಮತ್ತೆ ಒಂದೇ ಸಾಲಿನಲ್ಲಿ ಸಂಧಿಸುವುದು 168 ಸಾಲಿನ ನಂತರ. ನನ್ನ ಕೈಯಲ್ಲಿ 10 ಸೆಂಟಿಮೀಟರಿಗೆ 24 ಸಾಲು. ಹಾಗಾದರೆ ಸಂಧಿಸುವ ಜಾಗ 70 ಸೆಂಟಿಮೀಟರ್ ಎತ್ತರದಲ್ಲಿ. ಕಾರ್ಡಿಗನ್ ಉದ್ದ ಇರುವುದೇ 60! ಅಂದರೆ ಅವು ಈ ಜನ್ಮದಲ್ಲಿ ಸೇರುವುದಿಲ್ಲ. ಭುಜದ ಹತ್ತಿರ ಹೊಸ ವಜ್ರ ಶುರುವಾಗುತ್ತಿದ್ದಂತೆಯೇ ಕಡಿದು ನಿಲ್ಲುತ್ತದೆ, ಪ್ರತಿ ಸಾಲಿನಲ್ಲೂ ಮೂರು ಬೇರೆ ಬೇರೆ ಲೆಕ್ಕ ಇಟ್ಟುಕೊಂಡು ನಾನು ತಲೆ ಕೆಡಿಸಿಕೊಳ್ಳಬೇಕು.

ಕಾಗದ ಹರಿದೆ, ಮತ್ತೆ ಗೀಚಿದೆ. ಹಗ್ಗವನ್ನು ಎಳೆದಾಡಿದೆ, ಜೇನುಗೂಡನ್ನು ಹಿಗ್ಗಿಸಿದೆ, ಯಾವುದೂ ಬಗ್ಗಲಿಲ್ಲ. ಕೊನೆಗೆ ಕತ್ತಿ ಬಿದ್ದದ್ದು ವಜ್ರದ ಮೇಲೆ. 28 ಸಾಲನ್ನು 24ಕ್ಕೆ ಇಳಿಸಿದರೆ? ವಜ್ರ ಎರಡು ಕುಣಿಕೆ ಕಿರಿದಾಗುತ್ತದೆ, ಅಷ್ಟೇ ನಷ್ಟ. ಬದಲಿಗೆ 6, 8, 24 ಮೂರೂ 24ನೇ ಸಾಲಿಗೆ ಕೈಕುಲುಕುತ್ತವೆ. 24 ಸಾಲು ಅಂದರೆ ಸರಿಯಾಗಿ 10 ಸೆಂಟಿಮೀಟರ್. 60 ಸೆಂಟಿಮೀಟರಿಗೆ ಆರು ಸುತ್ತು, 144 ಸಾಲು, ಭುಜದ ಮೇಲೆ ವಜ್ರದ ತುದಿ ಮುಚ್ಚಿಕೊಂಡು ಕೂರುತ್ತದೆ! ಕೂಗಿಕೊಂಡ ಸದ್ದಿಗೆ ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು. ಬೆನ್ನಲ್ಲಿ ಎರಡು, ಮುಂದೆ ಎರಡು, ಒಟ್ಟು ನಾಲ್ಕು ವಜ್ರಗಳಿಂದ ಉಳಿದ ಎಂಟು ಕುಣಿಕೆಗಳನ್ನು ಪಟ್ಟಿಗಳ ನಡುವಿನ ತಗ್ಗಿಗೆ ಹಂಚಿದೆ. ಎಣಿಸಿದರೆ ಕೆಳಗಿನ ಸಾಲು 240ಕ್ಕೆ ಸರಿಹೋಯಿತು.

ಉಳಿದದ್ದು ಒಂದೇ ನಿರ್ಧಾರ, ಎಲ್ಲಕ್ಕಿಂತ ಎದೆ ನಡುಗಿಸುವಂಥದ್ದು. ಕಾರ್ಡಿಗನ್ ಮುಂದೆ ತೆರೆದಿರಬೇಕು. ಹಾಗಂತ ಹಿಂದೆಮುಂದೆ ತಿರುಗಿಸುತ್ತಾ ಹೆಣೆದರೆ ಸಾಲು ಬಿಟ್ಟು ಸಾಲು ಒಳಮೈ ಎದುರಾಗುತ್ತದೆ, ಜಡೆ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ದಾರಿ ಉಂಟು. ಇಡೀ ಮೈಯನ್ನು ಸುತ್ತುಕಡ್ಡಿಯಲ್ಲಿ ಕೊಳವೆಯಾಗಿ ಹೆಣೆದು, ಎದೆಯ ನಡುವೆ ಕೆಲವು ಕುಣಿಕೆ ಹೆಚ್ಚಿಗೆ ಬಿಟ್ಟು, ಕೊನೆಯಲ್ಲಿ ಅಲ್ಲೇ ಮೇಲಿಂದ ಕೆಳಗೆ ಕತ್ತರಿಸುವುದು! ಎಲಿಜಬೆತ್ ಝಿಮ್ಮರ್‌ಮನ್ ಎಂಬ ಗಟ್ಟಿಗಿತ್ತಿ 1971ರ ‘ನಿಟಿಂಗ್ ವಿತೌಟ್ ಟಿಯರ್ಸ್’ನಲ್ಲಿ ಈ ಕತ್ತರಿ ಸಾಹಸಕ್ಕೆ ಧೈರ್ಯ ತುಂಬಿದ್ದಾರೆ. ಕತ್ತರಿಸುವ ಗೆರೆಯ ಎರಡೂ ಪಕ್ಕ ಮೊದಲು ಮೆಷಿನ್ನಿನಲ್ಲಿ ಹೊಲಿದುಬಿಡಬೇಕು. ಉಣ್ಣೆಯ ಎಳೆಗೆ ಸೂಕ್ಷ್ಮ ಪೊರೆಗಳಿವೆ. ಒಂದಕ್ಕೊಂದು ಕಚ್ಚಿಕೊಂಡು ಜಾರುವುದಿಲ್ಲ. ನುಣುಪಾದ ಅಕ್ರಿಲಿಕ್ ಆದರೆ ಆ ಭರವಸೆ ಇಲ್ಲ.

“ಕತ್ತರೀನಾ? ಹೆಣೆದಿದ್ದಕ್ಕೆ?” ಅತ್ತೆಯ ದನಿಯಲ್ಲಿ ಕೊಲೆಯ ಸುದ್ದಿ ಕೇಳಿದವರ ಗಾಬರಿ.

“ಮೊದಲು ಒಂದು ತುಂಡಿನ ಮೇಲೆ ನೋಡೋಣ ಅತ್ತೆ.”

ಅಂಗೈಯಗಲದ ತುಂಡು ಹೆಣೆದು, ಒಗೆದು, ಚಪ್ಪಟೆಯಾಗಿ ಹಾಸಿ ಒಣಗಿಸಿದೆ. ಅತ್ತೆಯ ಹಳೆ ಮೆಷಿನ್ನಿನಲ್ಲಿ ಎರಡು ಗೆರೆ ಹೊಲಿಗೆ ಓಡಿಸಿದೆ. ಕತ್ತರಿ ಇಟ್ಟೆ. ಕುಣಿಕೆ ಕಡಿಯುವ ಕಚಕ್ ಸದ್ದು ಹಲ್ಲಿನ ಬುಡಕ್ಕೆ ತಾಗಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಅರ್ಧ ದಾಟಿತು, ಮುಕ್ಕಾಲು, ಕೊನೆಯ ಎಳೆಯೂ ಕಡಿಯಿತು. ತುಂಡು ಎರಡಾಯಿತು. ಅತ್ತೆ ಎರಡನ್ನೂ ಕಸಿದುಕೊಂಡು, ಅಂಚು ಹಿಡಿದು ಜಗ್ಗಿದರು, ಕೊಡವಿದರು, ಉಗುರಿನಿಂದ ಕೆರೆದೂ ನೋಡಿದರು. ಒಂದು ಕುಣಿಕೆಯೂ ಕಳಚಲಿಲ್ಲ.

“ಗುಂಡಿ ನಾನು ಆರಿಸ್ತೀನಿ,” ಅಂದರು. “ಪ್ಲಾಸ್ಟಿಕ್ ತಂದೀಯ ಮತ್ತೆ.”

ಕತ್ತರಿಗೆಂದು ಎಂಟು ಕುಣಿಕೆ ಸೇರಿಸಿಕೊಂಡು 248 ಹಾಕಲು ಕೂತೆ. ಅತ್ತೆ ಎದುರು ಕೂತು ಗಟ್ಟಿಯಾಗಿ ಎಣಿಸುತ್ತಿದ್ದಾರೆ. ನೂರಾ ಹನ್ನೆರಡಕ್ಕೆ ಫೋನ್ ಬಡಿದುಕೊಂಡಿತು, ಇಬ್ಬರೂ ಎತ್ತಲಿಲ್ಲ.