ಮುಂಬೈ ಕಡೆಯಿಂದ ಹೈದರಾಬಾದಿಗೆ, ಉಪ್ಪುನೀರಿನೊಡನೆ

ಹೈದರಾಬಾದಿಗೆ ವರ್ಗವಾಗಿದೆ ಎಂದು ತಿಳಿದ ದಿನ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಮಗಳ ಶಾಲೆಯದು, ಎರಡನೆಯದು ಮೀನಿನ ತೊಟ್ಟಿಯದು. ಶಾಲೆಯ ವಿಷಯ ಎರಡು ವಾರದಲ್ಲಿ ಇತ್ಯರ್ಥವಾಯಿತು. ತೊಟ್ಟಿಯದಕ್ಕೆ ಎರಡು ತಿಂಗಳು ಹಿಡಿಯಿತು.

ಥಾಣೆಯ ಬಾಡಿಗೆ ಮನೆಯಲ್ಲಿ 7 ವರ್ಷದ ಹಿಂದೆ ಕಟ್ಟಿಕೊಂಡ ಉಪ್ಪುನೀರಿನ ತೊಟ್ಟಿ ಅದು. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 190 ಲೀಟರ್ ನೀರು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಲವಣಗಳ ಮಿಶ್ರಣ, 25-26 ಡಿಗ್ರಿ ಉಷ್ಣತೆ. ಒಳಗೆ ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ, ಎರಡು ನೀಲಿ ಡ್ಯಾಮ್ಸೆಲ್, ಅಣಬೆಯ ಹಾಗೆ ಅರಳುವ ಒಂದು ಮೆದು ಹವಳ. ಗಟ್ಟಿ ಹವಳ ಒಂದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ ಸೇರಿದವು. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಹಾಗಾಗಿ ನಮ್ಮ ತೊಟ್ಟಿಯ ಬಂಡೆಗಳು ಕೂಡ ಕಡಲಿಂದ ಕಿತ್ತವಲ್ಲ, ಸಿರಾಮಿಕ್‌ನಲ್ಲಿ ಮಾಡಿದವು.

"ಯಾರಿಗಾದ್ರೂ ಕೊಟ್ಟುಬಿಡಿ ರೀ," ಎಂದಳು ಹೆಂಡತಿ. ತಪ್ಪು ಮಾತೇನಲ್ಲ. ಡ್ಯಾಮ್ಸೆಲ್‌ಗಳನ್ನು ನವಿ ಮುಂಬೈಯಲ್ಲಿ ದೊಡ್ಡ ತೊಟ್ಟಿ ಇಟ್ಟುಕೊಂಡಿರುವ ಪರಿಚಯದವರಿಗೆ ಕೊಟ್ಟೆವು. ಅವು ಜಗಳಗಂಟ ಮೀನುಗಳು. ಹೊಸ ಜಾಗದಲ್ಲಿ ಮತ್ತೆ ಗಡಿ ಗುರುತಿಸಿಕೊಳ್ಳುವ ಹೊತ್ತಿಗೆ ಉಳಿದವರ ಜೀವ ತಿನ್ನುತ್ತವೆ. ಆದರೆ ಕ್ಲೌನ್ ಜೋಡಿಯನ್ನು ಕೇಳಿ ಬಂದವರಲ್ಲಿ ಒಬ್ಬರಿಗೆ ಹವಳ ಬೇಡವಾಗಿತ್ತು. ಇನ್ನೊಬ್ಬರ ತೊಟ್ಟಿಗೆ ನೀರು ತುಂಬಿ ಇನ್ನೂ ವಾರವಾಗಿರಲಿಲ್ಲ. ಸಮುದ್ರಕ್ಕೆ ಬಿಡುವುದಂತೂ ಆಗದ ಮಾತು. ಇವು ಮರಿ ಮಾಡುವ ಕೇಂದ್ರದಲ್ಲಿ ಹುಟ್ಟಿದವು. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮಲ್ಲೇ ರೂಪಿಸಿದ ಮೇಲೆ ಇಂಥ ಮರಿಗಳು ಸಿಗುತ್ತಿವೆ. ಗಾಜಿನೊಳಗೇ ಬೆಳೆದ ಮೀನಿಗೆ ಕಡಲೆಂದರೆ ಪರದೇಶ. ಈ ಜಾತಿಯಲ್ಲಿ ಎಲ್ಲ ಮರಿಗಳೂ ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದು ಮುಂದೆ ಹೆಣ್ಣಾಗುತ್ತದೆ. ನಮ್ಮ ಕಣ್ಣೆದುರೇ ಆದ ಸಂಸಾರ. ಒಯ್ಯುವುದೆಂದು ತೀರ್ಮಾನವಾಯಿತು.

ಸಾಮಾನು ಸಾಗಿಸುವ ಕಂಪನಿಯವರು ಜೀವ ಇರುವ ಯಾವುದನ್ನೂ ಲಾರಿಗೆ ಹಾಕುವುದಿಲ್ಲ ಎಂದರು. ಉಳಿದದ್ದು ನಮ್ಮ ಕಾರು, ಸುಮಾರು 700 ಕಿಲೋಮೀಟರ್ ದಾರಿ, ಜೊತೆಗೆ ಬರಲು ಒಪ್ಪಿದ ಭಾವಮೈದುನ. ಏನೇನು ಒಯ್ಯಬೇಕೆಂದು ಪಟ್ಟಿ ಮಾಡಲು ಕೂತಾಗ ಒಂದೊಂದೇ ಹೆಸರು ಹೊಡೆದುಹಾಕುತ್ತ ಹೋದೆ. ಗಾಜಿನ ತೊಟ್ಟಿ ಬೇಡ. ಅದೇ ಅಳತೆಯದನ್ನು ಹೈದರಾಬಾದಿನಲ್ಲೇ ಕಟ್ಟಿಸಬಹುದು. ಮರಳು ಬೇಡ, ವರ್ಷಗಟ್ಟಲೆ ತಳದಲ್ಲಿ ಕೂತ ಕೊಳೆ ಕದಡಿದರೆ ನೀರೇ ವಿಷವಾಗುತ್ತದೆ. ನೀರೂ ಬಹುಪಾಲು ಬೇಡ. ಉಪ್ಪು ಬೆರೆಸಿದರೆ ಹೊಸದಾಗುತ್ತದೆ. ಹಾಗಾದರೆ "ತೊಟ್ಟಿ ಒಯ್ಯುತ್ತೇನೆ" ಎಂದು ಊರಿಗೆಲ್ಲ ಹೇಳಿಕೊಂಡವನು ಒಯ್ಯುವುದು ಏನನ್ನು?

ಕಲ್ಲುಗಳನ್ನು. ಮೀನು ಕಿವಿರಿನಿಂದ ಸದಾ ಅಮೋನಿಯಾ ಬಿಡುತ್ತಿರುತ್ತದೆ. ಮುಚ್ಚಿದ ನೀರಿನಲ್ಲಿ ಅದು ಅದಕ್ಕೇ ವಿಷ. ಕಲ್ಲಿನ ರಂಧ್ರಗಳಲ್ಲಿ ನೆಲೆಸಿದ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಬಗೆಯದು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ನಾಲ್ಕಾರು ವಾರ ಬೇಕು. ತೇಲುವ ನೀರಿನಲ್ಲಿ ಇವು ಇರುವುದು ಅಲ್ಪ, ಅಂಟಿಕೊಂಡ ಮೇಲ್ಮೈಯಲ್ಲೇ ಹೆಚ್ಚು. 7 ವರ್ಷ ನಾವು ಸಾಕಿದ್ದು ಮೀನನ್ನು ಎಂದುಕೊಂಡಿದ್ದೆವು. ಮೀನನ್ನು ಸಾಕುತ್ತಿದ್ದದ್ದು ಆ 22 ಕಿಲೋ ಕಲ್ಲು.

ನಾನು ಎರಡು ವಾರ ಮುಂಚೆಯೇ ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದ್ದರಿಂದ ಅಲ್ಲಿನ ಸಿದ್ಧತೆ ಸಾಧ್ಯವಾಯಿತು. ಹೊಸ ತೊಟ್ಟಿಯನ್ನು ಕಂಬದ ಪಕ್ಕದ ಗೋಡೆಗೆ ಒರಗಿಸಿ ಇಡಿಸಿದೆ. ನೀರು, ಕಲ್ಲು, ಗಾಜು, ಸ್ಟ್ಯಾಂಡ್ ಸೇರಿದರೆ ಕಾಲು ಟನ್ನಿಗೂ ಹೆಚ್ಚು. ಅಲ್ಲಿನ ಬೋರ್‌ವೆಲ್ ನೀರು ಗಡುಸು, ಆದ್ದರಿಂದ ಆರ್‌ಓ ನೀರಿಗೆ ಐದೂವರೆ ಕಿಲೋ ಉಪ್ಪು ಬೆರೆಸಿ, ಥಾಣೆಯ ನೀರಿನ ಸಾಂದ್ರತೆ 1.025ಕ್ಕೆ ಸರಿಯಾಗಿ ಹೊಂದಿಸಿ, ಪಂಪು ಮತ್ತು ಹೀಟರ್ ಓಡಲು ಬಿಟ್ಟು ಬಂದೆ.

ಪ್ರಯಾಣ ಹೊರಟವರಿಗೆ ಬುತ್ತಿ ಕಟ್ಟಿಕೊಡುವವರು ನಾವು. ಮೀನಿಗೆ ಮಾತ್ರ ಎರಡು ದಿನ ಉಪವಾಸ, ಚೀಲದ ನೀರು ಹೊಲಸಾಗದಿರಲಿ ಎಂದು. ದಿನಾ ಆಹಾರ ಹಾಕುವ ಕೆಲಸ ಮಗಳದು. ಆ ಎರಡು ದಿನ ಅವಳು ತೊಟ್ಟಿಯ ಹತ್ತಿರ ಸುಳಿಯಲಿಲ್ಲ. ಥರ್ಮೋಕೋಲ್ ಪೆಟ್ಟಿಗೆಗಳನ್ನು ಮೀನು ಮಾರ್ಕೆಟ್ಟಿನಲ್ಲಿ ಕೊಂಡೆ. ಮಾರುವ ಕೋಳಿ ಹೆಂಗಸು ಎಷ್ಟು ಐಸ್ ಬೇಕೆಂದು ಕೇಳಿದಳು. ಐಸ್ ಬೇಡ, ಮೀನಿಗೆ ಚಳಿಯಾಗಬಾರದು ಎಂದೆ. ಅವಳು ನಕ್ಕದ್ದು ಪಕ್ಕದ ಸಾಲಿನವರೆಗೂ ಕೇಳಿಸಿತು.

ಜನವರಿಯ ಒಂದು ಸಂಜೆ 7 ಗಂಟೆಗೆ ಹೊರಟೆವು. ಮೂರು ಮೀನು ಮೂರು ಚೀಲದಲ್ಲಿ. ಒಂದು ಪಾಲು ನೀರು, ಎರಡು ಪಾಲು ಆಕ್ಸಿಜನ್. ಹವಳ ಬೇರೆ ಡಬ್ಬಿಯಲ್ಲಿ. ಕಲ್ಲುಗಳು ಮುಚ್ಚಳದ ಡ್ರಮ್ಮಿನಲ್ಲಿ, 40 ಲೀಟರ್ ಹಳೆಯ ನೀರಿನೊಳಗೆ. ಬ್ಯಾಕ್ಟೀರಿಯಾಗಳಿಗೂ ಉಸಿರು ಬೇಕಲ್ಲ, ಅದಕ್ಕೊಂದು ಬ್ಯಾಟರಿ ಪಂಪು. ಪುಣೆ, ಸೊಲ್ಲಾಪುರ ದಾಟಿ ಬೀದರ್ ಜಿಲ್ಲೆಯೊಳಗೆ ಬಂದಾಗ ಬೆಳಗಿನ ಜಾವ. ಹುಮನಾಬಾದಿನ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ನಾನು ಹಿಂಬಾಗಿಲು ತೆರೆದು ಉಷ್ಣತೆ ನೋಡುತ್ತಿದ್ದಾಗ ಚಹಾದಂಗಡಿಯವ ಬಂದು ಇಣುಕಿದ.

"ಏನದ ರೀ ಅದ್ರಾಗ? ಬುಡುಬುಡು ಅನ್ಲತ್ತದ."

"ಕಲ್ಲು."

"ಕಲ್ಲಿಗ್ಯಾಕ್ರೀ ಗಾಳಿ?"

ಅದರೊಳಗೆ ಜೀವ ಇದೆ, ಗಾಳಿ ನಿಂತರೆ ಸಾಯುತ್ತದೆ ಎಂದೆ. ಆತ ಡ್ರಮ್ಮನ್ನೂ ನನ್ನನ್ನೂ ಒಮ್ಮೆ ನೋಡಿ, "ಹಂಗಿದ್ರ ಲಗು ಹೋಗ್ರಿ," ಎಂದು ಗಾಜಿನ ಲೋಟಗಳನ್ನು ತಾನೇ ಕಾರಿನ ತನಕ ತಂದುಕೊಟ್ಟ.

ಇಂಥ ದೀರ್ಘ ಪ್ರಯಾಣದಲ್ಲಿ ನಿಜವಾದ ಗಂಡಾಂತರ ಇರುವುದು ದಾರಿಯಲ್ಲಲ್ಲ, ಚೀಲ ಬಿಚ್ಚುವ ಗಳಿಗೆಯಲ್ಲಿ. ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನಿಂದ ಕಾರ್ಬನ್ ಡೈಆಕ್ಸೈಡ್ ತುಂಬಿ ನೀರು ತುಸು ಆಮ್ಲೀಯವಾಗುತ್ತದೆ. ಅದರಿಂದಾಗಿಯೇ ಸೇರಿಕೊಂಡ ಅಮೋನಿಯಾದ ಬಹುಭಾಗ ಹೆಚ್ಚು ಹಾನಿ ಮಾಡದ ಅಮೋನಿಯಂ ರೂಪದಲ್ಲಿ ಅಡಗಿರುತ್ತದೆ. ಚೀಲ ಬಿಚ್ಚಿದೊಡನೆ ಆ ಅನಿಲ ಹೊರಹೋಗುತ್ತದೆ, ಆಮ್ಲೀಯತೆ ಇಳಿಯುತ್ತದೆ, ಅಡಗಿದ್ದದ್ದು ವಿಷವಾಗಿ ಎದ್ದು ನಿಲ್ಲುತ್ತದೆ. ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಿಗೆ ಚೀಲ ತೆರೆದಿಟ್ಟು ಹನಿಹನಿಯಾಗಿ ಹೊಸ ನೀರು ಸೇರಿಸುವುದು ಸರಿ. 14 ಗಂಟೆ ಪಯಣಿಸಿದ ಮೀನಿಗೆ ಆ ತಾಳ್ಮೆಯೇ ಅಪಾಯ. ಮುಚ್ಚಿದ ಚೀಲಗಳನ್ನು 20 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ಉಷ್ಣತೆ ಸರಿಹೊಂದಿಸಿದೆ. ಕೈಗವಸು ತೊಟ್ಟು ಕಲ್ಲುಗಳನ್ನು ಜೋಡಿಸಿದೆ. ಆಮೇಲೆ ಒಂದೊಂದೇ ಚೀಲ ಕತ್ತರಿಸಿ, ಬಲೆಯಲ್ಲಿ ಮೀನೆತ್ತಿ ಒಳಗೆ ಬಿಟ್ಟೆ. ಚೀಲದ ನೀರನ್ನು ಒಂದು ಹನಿಯೂ ಸೇರಿಸಲಿಲ್ಲ.

ಮೂರನೆಯ ದಿನ ಅಮೋನಿಯಾ ಪರೀಕ್ಷೆಯ ಕೊಳವೆ ತುಸು ಹಸಿರಾಯಿತು. 30 ಲೀಟರ್ ನೀರು ಬದಲಿಸಿ, ಆಹಾರ ಅರ್ಧಕ್ಕಿಳಿಸಿದೆವು. ನಾಲ್ಕನೆಯ ಬೆಳಗ್ಗೆ ಗೋಬಿ ಕಲ್ಲಿನ ಹಿಂದೆ ಸತ್ತು ಬಿದ್ದಿತ್ತು. ವಯಸ್ಸಾಗಿತ್ತು, ಪಯಣ ಭಾರವಾಯಿತು. ಮಗಳು ಬಾಲ್ಕನಿಯ ಕುಂಡದಲ್ಲಿ ಅದನ್ನು ಹೂತಳು, ಯಾರೊಡನೆಯೂ ಮಾತಾಡಲಿಲ್ಲ. ಎಂಟನೆಯ ದಿನ ಕೊಳವೆ ಮತ್ತೆ ಹಳದಿಯಾಯಿತು, ಎಂದರೆ ಕಲ್ಲುಗಳು ಕೆಲಸಕ್ಕೆ ಹಾಜರಾಗಿದ್ದವು. ಮುದುಡಿ ಕೂತಿದ್ದ ಹವಳ 12 ದಿನದ ಮೇಲೆ ಮೇಣದಂಥ ಪೊರೆ ಕಳಚಿಕೊಂಡು ಅರಳಿತು. ಆ ರಾತ್ರಿಯಿಂದ ಕ್ಲೌನ್ ಜೋಡಿ ಅದರ ಮಡಿಲಲ್ಲೇ ಮಲಗುತ್ತಿದೆ.

ಮೀನುಗಳಿಗೀಗ 7 ವರ್ಷ. ತೊಟ್ಟಿಯಲ್ಲಿ 20 ವರ್ಷ ದಾಟಿ ಬದುಕಿದ ಕ್ಲೌನ್ ಮೀನುಗಳಿವೆ. ನಮ್ಮ ಬಾಡಿಗೆ ಕರಾರು 11 ತಿಂಗಳದ್ದು. ಥರ್ಮೋಕೋಲ್ ಪೆಟ್ಟಿಗೆಗಳನ್ನು ಎಸೆಯಲು ಹೊರಟಿದ್ದ ಹೆಂಡತಿ ಏನೋ ಯೋಚಿಸಿ, ತಾನೇ ಅವನ್ನು ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿದ್ದಾಳೆ.