ನಮ್ಮ ಮನೆಯ ಗಣಕಯಂತ್ರವೂ ಅದರ ಮೂರು ಮೇಜುಗಳೂ

ಹೊಸ ಮನೆಗೆ ಬಂದ ಸೊಸೆಯು ಮೊದಲ ದಿನ ಅಡಿಗೆಮನೆಯಲ್ಲಿ ತಡಮಾಡಿದರೆ ಆಕೆಗೆ ಅಡಿಗೆ ಬಾರದೆಂದು ಅರ್ಥವಲ್ಲ. ಉಪ್ಪಿನ ಭರಣಿ ಎಲ್ಲಿದೆಯೆಂಬುದು ಆಕೆಗೆ ತಿಳಿಯದು, ಅಷ್ಟೆ. ತವರಿನಲ್ಲಿ ಕಣ್ಣು ಮುಚ್ಚಿ ತೆಗೆಯುತ್ತಿದ್ದುದನ್ನು ಇಲ್ಲಿ ಕಣ್ಣು ತೆರೆದು ಹುಡುಕಬೇಕಾಗುವುದು. ಗಣಕಯಂತ್ರದಲ್ಲಿ ಹೊಸ ಏರ್ಪಾಟಿಗೆ ಹೋಗುವವರ ಪಾಡೂ ಹೀಗೆಯೇ ಎಂಬುದನ್ನು ನಾವು ಅನುಭವದಿಂದ ಅರಿತೆವು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ಗೃಹಿಣಿಯರು, ಹಲವರು ಉಪಾಧ್ಯಾಯಿನಿಯರು, ಹಲವರು ಉದ್ಯೋಗಸ್ಥರು. ಅವರ ಮನೆಗಳಲ್ಲಿಯೂ ಹಳೆಯ ಯಂತ್ರವೊಂದು ಇರಬಹುದಾದುದರಿಂದ ನಮ್ಮ ಅನುಭವವು ಅವರಿಗೂ ಮಕ್ಕಳ ತಂದೆತಾಯಿಯರಿಗೂ ಉಪಯೋಗಕ್ಕೆ ಬಂದೀತೆಂದು ಇದನ್ನು ಬರೆಯುತ್ತೇವೆ.

2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿಗೆ ವಿಂಡೋಸ್ 10ರ ಸಾಮಾನ್ಯ ಬೆಂಬಲವು ಮುಗಿಯಿತು. ನಮ್ಮ ಯಂತ್ರದ ಮೆಮೊರಿ 4 ಜಿಬಿ ಮಾತ್ರ. ಅದರ ಪ್ರೊಸೆಸರು ವಿಂಡೋಸ್ 11 ಕೇಳುವ ದರ್ಜೆಯದಲ್ಲ. ಹೊಸದನ್ನು ಕೊಳ್ಳೋಣವೆಂದರೆ ಕೈಯಲ್ಲಿದ್ದ ಹಣವನ್ನು ಮಗಳ ಕಾಲೇಜಿನ ಶುಲ್ಕಕ್ಕೆ ತೆಗೆದಿರಿಸಿತ್ತು. ಹೀಗಿರಲು ನಾವು ಲಿನಕ್ಸಿಗೆ ಬಂದೆವು. ಇದರ ತಿರುಳನ್ನು ಹೆಲ್ಸಿಂಕಿಯ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬವರು 1991ರಲ್ಲಿ ಬರೆದರು. ರಿಚರ್ಡ್ ಸ್ಟಾಲ್‌ಮನ್ ಎಂಬವರು 1983ರಲ್ಲಿ ಸಾರಿದ ಗ್ನೂ ಯೋಜನೆಯ ಸಾಧನಗಳು ಅದಕ್ಕೆ ಕೂಡಿಕೊಂಡವು. ಇವೆಲ್ಲವನ್ನೂ ಒಟ್ಟುಗೂಡಿಸಿ ಜನರ ಕೈಗೆ ಕೊಡುವ ಸಂಸ್ಥೆಗಳು ಹಲವು ಉಂಟು. ನಾವು ಆರಿಸಿದುದು ಡೆಬಿಯನ್ ಎಂಬುದನ್ನು. 1993ರಲ್ಲಿ ಇದನ್ನು ಆರಂಭಿಸಿದ ಇಯಾನ್ ಮರ್ಡಾಕರು ತಾವು ಮುಂದೆ ವರಿಸಿದ ಡೆಬ್ರಾ ಎಂಬ ಸ್ತ್ರೀಯ ಹೆಸರಿಗೆ ತಮ್ಮ ಹೆಸರನ್ನು ಜೋಡಿಸಿ ಈ ನಾಮಕರಣವನ್ನು ಮಾಡಿದರು.

ಡೆಬಿಯನ್ನನ್ನು ಸ್ಥಾಪಿಸುವಾಗ ಅದು ಒಂದು ಪ್ರಶ್ನೆಯನ್ನು ಕೇಳುವುದು: ನಿಮಗೆ ಯಾವ ಡೆಸ್ಕ್‌ಟಾಪ್ ಬೇಕು? ಗ್ನೋಮ್, ಎಕ್ಸ್‌ಎಫ್‌ಸಿಇ, ಕೆಡಿಇ ಪ್ಲಾಸ್ಮಾ, ಸಿನಮನ್, ಮಾಟೆ ಮೊದಲಾಗಿ ಒಂದು ಪಟ್ಟಿಯೇ ಎದುರಿಗೆ ಬರುವುದು. ಅದುವರೆಗೆ ಪರದೆಯ ಮೇಲಿನ ಅಂದಚಂದವೂ ಯಂತ್ರವೂ ಒಂದೇ ಎಂದು ತಿಳಿದಿದ್ದ ನಮಗೆ ಇದು ಬೆರಗನ್ನುಂಟುಮಾಡಿತು. ಡೆಸ್ಕ್‌ಟಾಪ್ ಎಂದರೆ ಮೇಜಿನ ಮೇಲ್ಭಾಗ. ಕಿಟಕಿಗಳು ತೆರೆಯುವ ರೀತಿ, ಪಟ್ಟಿಗಳಿರುವ ಸ್ಥಳ, ಗಡಿಯಾರ, ಕಡತಗಳನ್ನು ತೋರಿಸುವ ಸಾಧನ, ಇವೆಲ್ಲ ಅದಕ್ಕೆ ಸೇರಿದುವು. ಲಿನಕ್ಸಿನಲ್ಲಿ ಈ ಮೇಜು ಬೇರೆ, ಅದನ್ನು ಹೊತ್ತ ನೆಲ ಬೇರೆ. ಮೇಜನ್ನು ಬದಲಾಯಿಸಿದರೆ ನೆಲ ಅಲುಗದು.

ಇಷ್ಟು ಬಗೆಗಳು ಏತಕ್ಕೆಂಬುದಕ್ಕೆ ಒಂದು ಕಥೆಯುಂಟು. ಜರ್ಮನಿಯ ಮತ್ತೀಯಾಸ್ ಎಟ್ರಿಚ್ ಎಂಬ ವಿದ್ಯಾರ್ಥಿಯು 1996ರ ಅಕ್ಟೋಬರಿನಲ್ಲಿ ಕೆಡಿಇಯನ್ನು ಆರಂಭಿಸಿದನು. ಅದಕ್ಕೆ ಆಧಾರವಾಗಿದ್ದ ಕ್ಯೂಟಿ ಎಂಬ ಸಾಮಗ್ರಿಯ ಅನುಮತಿಯ ಷರತ್ತುಗಳು ಆಗ ಪೂರ್ಣ ಸ್ವತಂತ್ರವಾಗಿರಲಿಲ್ಲವೆಂದು ಕೆಲವರು ಒಪ್ಪಲಿಲ್ಲ. 1997ರ ಆಗಸ್ಟಿನಲ್ಲಿ ಮೆಕ್ಸಿಕೋ ದೇಶದ ಮಿಗೆಲ್ ದೆ ಇಕಾಜಾ, ಫೆಡೆರಿಕೊ ಮೆನಾ ಎಂಬಿಬ್ಬರು ಗ್ನೋಮನ್ನು ಆರಂಭಿಸಿದರು. 2000ದಲ್ಲಿ ಕ್ಯೂಟಿಯ ಷರತ್ತುಗಳು ಸಡಿಲಗೊಂಡರೂ ಎರಡು ಮನೆಗಳೂ ಉಳಿದುವು. 2011ರಲ್ಲಿ ಗ್ನೋಮ್ ತನ್ನ ರೂಪವನ್ನು ಬಹಳವಾಗಿ ಬದಲಾಯಿಸಲು, ಹಳೆಯ ರೂಪವನ್ನು ಬಯಸಿದವರು ಮಾಟೆಯನ್ನೂ ಸಿನಮನ್ನನ್ನೂ ಕಟ್ಟಿದರು. ಆದರೂ ಇವರೆಲ್ಲರೂ ಕೆಲವು ಕಟ್ಟಳೆಗಳನ್ನು ಸಮಾನವಾಗಿ ಇಟ್ಟುಕೊಂಡಿರುವರು. ಆದುದರಿಂದಲೇ ಒಂದರಲ್ಲಿ ಸ್ಥಾಪಿಸಿದ ತಂತ್ರಾಂಶವು ಇನ್ನೊಂದರ ಪಟ್ಟಿಯಲ್ಲಿಯೂ ಕಾಣಿಸುವುದು. ಅಣ್ಣತಮ್ಮಂದಿರು ಪಾಲಾದರೂ ಬಾವಿಯನ್ನು ಹಂಚಿಕೊಳ್ಳದೆ ಒಟ್ಟಿಗೇ ಬಳಸುವಂತೆ ಇದು.

ನಮ್ಮ ಯಂತ್ರವು ಹಳೆಯದಾದುದರಿಂದ ಮೊದಲು ಹಗುರವಾದ ಎಕ್ಸ್‌ಎಫ್‌ಸಿಇಯನ್ನು ಹಾಕಿಸಿದೆವು. ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಅವರು ತಮ್ಮ ಬಾಲ್ಯದ ಸಂಗತಿಗಳನ್ನೂ, ದಿವಂಗತರಾದ ನಮ್ಮ ಮಾವನವರು ಹೇಳುತ್ತಿದ್ದ ಮಾತುಗಳನ್ನೂ ದಿನಕ್ಕೆ ಅರ್ಧ ಪುಟದಂತೆ ಕನ್ನಡದಲ್ಲಿ ಬರೆದಿಡುತ್ತಿರುವರು. ಕೆ.ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಅವರು ಮೊದಲೇ ಕಲಿತಿದ್ದರು. ಐಬಸ್ ಎಂಬ ಸಾಧನದ ಮೂಲಕ ಅದು ಲಿನಕ್ಸಿನಲ್ಲಿಯೂ ದೊರೆಯಿತು. ಬರೆದ ಕಡತಗಳನ್ನೆಲ್ಲ ಅವರು ಪರದೆಯ ಮೇಲೆಯೇ, ಗೂಡಿನಲ್ಲಿ ದೀಪಗಳನ್ನಿಡುವಂತೆ, ಸಾಲಾಗಿ ಇಟ್ಟುಕೊಂಡಿದ್ದರು. ಎಕ್ಸ್‌ಎಫ್‌ಸಿಇಯು ಅವನ್ನು ಹಾಗೆಯೇ ತೋರಿಸುತ್ತಿತ್ತು.

ಕೆಲವು ವಾರಗಳ ತರುವಾಯ ನಮ್ಮ ಮಗಳು ಸಹಪಾಠಿಗಳ ಯಂತ್ರಗಳಲ್ಲಿ ಗ್ನೋಮನ್ನು ನೋಡಿ ಬಂದು, ನಮ್ಮ ಒಪ್ಪಿಗೆಯಿಂದ ಅದನ್ನೂ ಸ್ಥಾಪಿಸಿದಳು. ಆಗ ಯಂತ್ರವು, ಒಳಗೆ ಬಿಡುವ ಬಾಗಿಲುಗಾವಲು ಹಳೆಯದೇ ಇರಲೋ ಹೊಸದಿರಲೋ ಎಂದು ಕೇಳಿತು. ಆಕೆ ಹೊಸದನ್ನು ಆರಿಸಿದಳು. ಅಂದಿನಿಂದ ಪಾಸ್‌ವರ್ಡ್ ಕೊಡುವ ಸ್ಥಳದಲ್ಲಿ ಹಲ್ಲುಚಕ್ರದಂತಹ ಚಿಕ್ಕ ಗುರುತೊಂದು ಕಾಣಿಸಿತು. ಅದನ್ನು ಒತ್ತಿದರೆ ಯಾವ ಮೇಜು ಬೇಕೆಂದು ಆರಿಸಬಹುದು. ಕಡೆಗೆ ಆರಿಸಿದುದನ್ನು ಯಂತ್ರವು ನೆನಪಿಟ್ಟುಕೊಳ್ಳುವುದು. ಆಗ ಮನೆಮಂದಿಗೆಲ್ಲ ಇದ್ದುದು ಒಂದೇ ಖಾತೆ.

ಮರುದಿನ ಬೆಳಿಗ್ಗೆ ಅತ್ತೆಯವರು ಕುಳಿತಾಗ ಪರದೆಯು ಬರಿದಾಗಿತ್ತು. ಅವರು ಗಟ್ಟಿಯಾಗಿ ಏನನ್ನೂ ಹೇಳಲಿಲ್ಲ. "ನೋಡಮ್ಮಾ, ನಾನು ಬರೆದದ್ದೆಲ್ಲ ಹೋಯಿತು, ಹೋಗಲಿ ಬಿಡು, ಯಾರು ಓದುವವರಿದ್ದರು," ಎಂದು ಕನ್ನಡಕವನ್ನು ತೆಗೆದಿಟ್ಟು ಒಳಗೆ ಹೋದರು. ಆ ಮಾತನ್ನು ಕೇಳಿ ನಮ್ಮ ಎದೆಯೂ ನಡುಗಿತು. ಕಡತಗಳು ನಿಜವಾಗಿ ಹೋಗಿದ್ದ ಪಕ್ಷದಲ್ಲಿ ಆ ಮಾತುಗಳನ್ನು ಮತ್ತೊಮ್ಮೆ ಹೇಳಲು ನಮ್ಮ ಮಾವನವರು ಇರಲಿಲ್ಲ.

ಕಡತಗಳಾದರೋ ಎಲ್ಲಿಗೂ ಹೋಗಿರಲಿಲ್ಲ. ಮೇಜಿನ ಮೇಲೆ ಏನನ್ನೂ ಹರಡದೆ ಬರಿದಾಗಿಡುವುದು ಗ್ನೋಮಿನ ಪದ್ಧತಿ. ಹೋಮ್ ಎಂಬ ಕೋಶದೊಳಗೆ ಡೆಸ್ಕ್‌ಟಾಪ್ ಎಂಬ ಇನ್ನೊಂದು ಕೋಶವುಂಟು. ಪರದೆಯ ಮೇಲೆ ಇಟ್ಟುದೆಲ್ಲ ವಾಸ್ತವವಾಗಿ ಇರುವುದು ಅದರಲ್ಲಿಯೇ. ಎಕ್ಸ್‌ಎಫ್‌ಸಿಇಯು ಆ ಕೋಶವನ್ನು ಪರದೆಯ ಮೇಲೆ ತೆರೆದು ತೋರಿಸುವುದು, ಗ್ನೋಮ್ ಮುಚ್ಚಿಡುವುದು, ವ್ಯತ್ಯಾಸವು ಇಷ್ಟೇ. ಮಗಳು ಆ ಕೋಶವನ್ನು ತೆರೆದು ಅಜ್ಜಿಯನ್ನು ಕೈಹಿಡಿದು ಕರೆತಂದು ಒಂದೊಂದು ಕಡತವನ್ನೂ ತೋರಿಸಿದಳು. ಅತ್ತೆಯವರು ಕನ್ನಡಕವನ್ನು ಮತ್ತೆ ಹಾಕಿಕೊಂಡು ಮೊದಲನೆಯದರಿಂದ ಕಡೆಯದರವರೆಗೆ ಎಣಿಸಿದರು.

ಇಷ್ಟಾದ ಮೇಲೂ ಮೂರನೆಯದಾದ ಪ್ಲಾಸ್ಮಾವನ್ನು ನಾವು ಪರೀಕ್ಷಿಸಿದೆವು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಅದರ ಕೆಳಪಟ್ಟಿಯೂ ಮೂಲೆಯ ಪಟ್ಟಿಗುಂಡಿಯೂ ಹಿಂದಿನ ವಿಂಡೋಸಿನ ಅಭ್ಯಾಸಕ್ಕೆ ಹತ್ತಿರವಾಗಿದ್ದು ನಮ್ಮ ಕೈಗೆ ಬೇಗನೆ ಹೊಂದಿದುವು. ಆದರೆ ಕನ್ನಡ ಬರೆಯುವ ಸಾಧನವನ್ನು ಕೀಲಿಮಣೆಯ ಏರ್ಪಾಟಿನಲ್ಲಿ ಪ್ರತ್ಯೇಕವಾಗಿ ಆರಿಸಿಕೊಡಬೇಕಾಯಿತು. ಮೂರು ಮೇಜುಗಳು ಒಂದೇ ಮನೆಯಲ್ಲಿದ್ದುದರಿಂದ ಸಾಮಾನೂ ಮುಮ್ಮಡಿಯಾಯಿತು: ಕಡತಗಳನ್ನು ತೋರಿಸಲು ಎಕ್ಸ್‌ಎಫ್‌ಸಿಇಯ ಥುನಾರ್, ಗ್ನೋಮಿನ ಫೈಲ್ಸ್, ಪ್ಲಾಸ್ಮಾದ ಡಾಲ್ಫಿನ್. ಪಾಸ್‌ವರ್ಡುಗಳನ್ನು ಕಾಪಾಡುವ ಪೆಟ್ಟಿಗೆಯೂ ಗ್ನೋಮಿನದು ಬೇರೆ, ಪ್ಲಾಸ್ಮಾದ್ದು ಬೇರೆ. ಹೊಸಬರಿಗೆ ಇದು ಗಲಿಬಿಲಿಯನ್ನುಂಟುಮಾಡುವುದು ಸಹಜ. ಲಿಬ್ರೆಆಫೀಸಿನಂತಹ ದೊಡ್ಡ ಸಾಧನಗಳು ಮಾತ್ರ ಮೂರರಲ್ಲಿಯೂ ಒಂದೇ ತೆರನಾಗಿ ನಡೆದುವು.

ಪರಿಹಾರವನ್ನು ಕಂಡುಹಿಡಿದವಳು ಮಗಳೇ. ಲಿನಕ್ಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾತೆಯನ್ನು ತೆರೆಯಬಹುದು. ಒಂದೊಂದು ಖಾತೆಯ ಏರ್ಪಾಟೂ ಅದರದರ ಕೋಶದಲ್ಲಿಯೇ ಇರುವುದರಿಂದ ಒಬ್ಬರು ಮಾಡಿಕೊಂಡ ಬದಲಾವಣೆಯು ಇನ್ನೊಬ್ಬರಿಗೆ ತಟ್ಟದು. ಹಾಗೆ ಅತ್ತೆಯವರ ಖಾತೆಯಲ್ಲಿ ಎಕ್ಸ್‌ಎಫ್‌ಸಿಇ, ಮಗಳ ಖಾತೆಯಲ್ಲಿ ಗ್ನೋಮ್, ನಮ್ಮದರಲ್ಲಿ ಪ್ಲಾಸ್ಮಾ ಎಂದು ನಿಶ್ಚಯಿಸಿದೆವು. ಅತ್ತೆಯವರ ಪರದೆಯ ಅಕ್ಷರಗಳನ್ನು ದಪ್ಪ ಮಾಡಿದೆವು. ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಡತಕ್ಕೂ ಒಡೆಯರ ಹೆಸರು ಇರುವುದು. ಬರಹಗಳನ್ನು ಹೊಸ ಖಾತೆಗೆ ಸಾಗಿಸಿದಾಗ ಅವುಗಳ ಒಡೆತನವನ್ನೂ ಅತ್ತೆಯವರ ಹೆಸರಿಗೆ ಮಾಡಿಕೊಡಬೇಕಾಯಿತು. ಇದನ್ನು ಮಗಳು ವಿವರಿಸಿದಾಗ ಅವರು ನಕ್ಕು, "ಹಾಗಾದರೆ ಇದು ನನ್ನದೇ ಅಂತ ಅದಕ್ಕೂ ಗೊತ್ತು," ಎಂದರು.

ಹೊಸದಾಗಿ ಈ ದಾರಿಗೆ ಬರುವ ಸೋದರಿಯರಿಗೆ ಎರಡು ಮಾತು. ಮೊದಲು ಬರಹಗಳ, ಚಿತ್ರಗಳ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಆಮೇಲೆ ಮುಂದುವರಿಯಿರಿ. ಡೆಬಿಯನ್ನಿನವರು ಒಂದೊಂದು ಡೆಸ್ಕ್‌ಟಾಪಿಗೂ ಪೆನ್‌ಡ್ರೈವಿನಿಂದಲೇ ನಡೆಯುವ ಪ್ರತಿಯನ್ನು ಕೊಡುವುದರಿಂದ, ಯಂತ್ರದಲ್ಲಿ ಏನನ್ನೂ ಸ್ಥಾಪಿಸದೆ ನೋಡಬಹುದು. ಸ್ಥಾಪಿಸಿದ ಮೇಲಾದರೆ, ಪರೀಕ್ಷೆಗೆಂದು ಬೇರೆಯೊಂದು ಖಾತೆಯನ್ನು ತೆರೆಯುವುದು ಲೇಸು. ಒಂದು ಮೇಜಿನ ಮುಂದೆ ಎರಡು ವಾರವಾದರೂ ಕುಳಿತು ಕೆಲಸ ಮಾಡದೆ ಅದನ್ನು ನಿಂದಿಸಬೇಡಿರಿ. ಮೊದಲ ದಿನದ ಬೇಸರವು ಬಹುಮಟ್ಟಿಗೆ ಅಭ್ಯಾಸ ತಪ್ಪಿದುದರ ಬೇಸರವೇ.

ತಂದೆತಾಯಿಯರಿಗೂ ಒಂದು ಸಂಗತಿಯನ್ನು ತಿಳಿಸಬೇಕು. 2006ರಲ್ಲಿ ಗೂಗಲ್ಲಿನ ಬೇಸಿಗೆಯ ಯೋಜನೆಯಲ್ಲಿ ಗ್ನೋಮಿನ ಕೆಲಸಕ್ಕೆ 181 ಅರ್ಜಿಗಳು ಬಂದುವು. ಅವುಗಳಲ್ಲಿ ಒಂದಾದರೂ ಸ್ತ್ರೀಯದಾಗಿರಲಿಲ್ಲ. ಅದನ್ನು ಕಂಡು ಗ್ನೋಮಿನವರು ಆ ವರ್ಷವೇ ಸ್ತ್ರೀಯರಿಗಾಗಿ ಒಂದು ಕಾರ್ಯಕ್ರಮವನ್ನು ನಡೆಸಿದರು. 2010ರಲ್ಲಿ ಮರಳಿ ಆರಂಭವಾದ ಆ ಪ್ರಯತ್ನವು ಔಟ್‌ರೀಚಿ ಎಂಬ ಹೆಸರಿನಿಂದ ಬೆಳೆಯಿತು. ಬಳಸುವವಳಿಗೆ ಕಟ್ಟುವ ಬಾಗಿಲೂ ಇಲ್ಲಿ ತೆರೆದಿರುವುದು. ಮನೆಯ ಹುಡುಗಿಯು ಹಳೆಯ ಯಂತ್ರವನ್ನು ಬಿಚ್ಚಿ ನೋಡಬಯಸಿದರೆ, ಕೆಟ್ಟೀತೆಂಬ ಭಯದಿಂದ ಆಕೆಯ ಕೈಯನ್ನು ಹಿಡಿಯಬೇಡಿರಿ.

ತನಗೆ ಬೇಕಾದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವು ದೊಡ್ಡದು. ಒಂದೇ ಯಂತ್ರವನ್ನು ಬಳಸುವ ಮನೆಯಲ್ಲಿ ಒಬ್ಬರ ಆಯ್ಕೆಯಿಂದ ಇನ್ನೊಬ್ಬರ ದೀಪಗಳ ಸಾಲು ಕಣ್ಮರೆಯಾಗದಂತೆ ನೋಡಿಕೊಳ್ಳುವುದು ಅದಕ್ಕಿಂತಲೂ ದೊಡ್ಡದು. ಈ ಎರಡಕ್ಕೂ ಅವಕಾಶವಿರುವ ವ್ಯವಸ್ಥೆಯೊಂದು ಬೆಲೆಯಿಲ್ಲದೆ ದೊರೆಯುತ್ತಿರುವಾಗ, ಸ್ವಲ್ಪ ತಾಳ್ಮೆಯನ್ನು ನಾವು ಅದಕ್ಕೆ ತೆರುವುದು ಹೆಚ್ಚಲ್ಲ.